2017ರ ಮ್ಯಾಕ್‌ಬುಕ್ ಏರ್‌ನಲ್ಲಿ ಲಿನಕ್ಸ್ ಮಿಂಟ್ 22: ಡ್ರೈವರ್‌ಗಳ ಮಟ್ಟಿಗೆ ಒಂದು ವಿಮರ್ಶೆ

2017ರ 13 ಇಂಚಿನ ಮ್ಯಾಕ್‌ಬುಕ್ ಏರ್ ಕೊಂಡ ಹಲವರ ಬಳಿ ಆ ಲ್ಯಾಪ್‌ಟಾಪ್ ಇಂದಿಗೂ ಗಟ್ಟಿಮುಟ್ಟಾಗಿಯೇ ಇದೆ. ಇಂಟೆಲ್ ಕೋರ್ ಐ5 ಪ್ರೊಸೆಸರ್ ಮತ್ತು 8 ಜಿಬಿ ಮೆಮೊರಿ ಬರವಣಿಗೆಗೆ, ಬ್ರೌಸಿಂಗ್‌ಗೆ, ಆನ್‌ಲೈನ್ ಪಾಠಗಳಿಗೆ ಈಗಲೂ ಸಾಕು. ಯಂತ್ರ ಹಿಂದೆ ಬಿದ್ದಿರುವುದು ತಂತ್ರಾಂಶದಲ್ಲಿ. ಆಪಲ್ ಇದಕ್ಕೆ ಅಧಿಕೃತವಾಗಿ ಕೊಟ್ಟ ಕೊನೆಯ ಆವೃತ್ತಿ ಮ್ಯಾಕ್‌ಓಎಸ್ 12 ಮಾಂಟೆರೆ. ಆ ಆವೃತ್ತಿಗೆ ಬಂದ ಕೊನೆಯ ಭದ್ರತಾ ಅಪ್‌ಡೇಟ್ 2024ರ ಜುಲೈ ತಿಂಗಳಿನದು. ಇಂಥದೊಂದು ಯಂತ್ರಕ್ಕೆ ಲಿನಕ್ಸ್ ಮಿಂಟ್ 22 ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆ ಹಾಕಿ ದಿನನಿತ್ಯದ ಕೆಲಸಕ್ಕೆ ಬಳಸುತ್ತಿರುವ ನಾನು, ವೈಫೈ, ಕ್ಯಾಮೆರಾ, ಧ್ವನಿ, ಕೀಲಿಮಣೆ ಮುಂತಾದ ಭಾಗಗಳನ್ನು ಅದು ಡ್ರೈವರ್ ಎಂಬ ತಂತ್ರಾಂಶಗಳ ಮೂಲಕ ಎಷ್ಟರ ಮಟ್ಟಿಗೆ ನಡೆಸುತ್ತದೆ ಎಂಬುದನ್ನಷ್ಟೇ ಇಲ್ಲಿ ಪರಿಶೀಲಿಸುತ್ತಿದ್ದೇನೆ.

ಇದೇ ಯಂತ್ರಕ್ಕೆ ಓಪನ್‌ಕೋರ್ ಲೆಗಸಿ ಪ್ಯಾಚರ್ ಎಂಬ ಉಚಿತ ತಂತ್ರಾಂಶದ ನೆರವಿನಿಂದ ಹೊಸ ಮ್ಯಾಕ್‌ಓಎಸ್ ಹಾಕುವ ದಾರಿಯೂ ಇದೆ, ಮತ್ತು ಅದನ್ನು ಕಟ್ಟಿದವರ ಪರಿಶ್ರಮ ದೊಡ್ಡದು. ಆದರೆ 2022ರ ವೆಂಚುರಾದಲ್ಲಿ ಈ ಯಂತ್ರದ ಗ್ರಾಫಿಕ್ಸ್ ಡ್ರೈವರನ್ನೂ 2023ರ ಸೊನೋಮಾದಲ್ಲಿ ವೈಫೈ ಡ್ರೈವರನ್ನೂ ಆಪಲ್ ಕೈಬಿಟ್ಟಿರುವುದರಿಂದ, ಪ್ಯಾಚರ್ ಅವನ್ನು ಹಳೆಯ ಆವೃತ್ತಿಗಳಿಂದ ತಂದು ಸೇರಿಸಬೇಕಾಗುತ್ತದೆ. ಹಾಗೆ ಸೇರಿಸಲು ಸಿಸ್ಟಂ ವಿಭಾಗಕ್ಕೆ ಆಪಲ್ ಹಾಕಿರುವ ಭದ್ರತಾ ಮುದ್ರೆಯನ್ನು ಒಡೆಯಬೇಕು, ಮತ್ತು ಪ್ರತಿ ಅಪ್‌ಡೇಟ್ ಆದ ಮೇಲೂ ಅದೇ ಕೆಲಸವನ್ನು ಮತ್ತೆ ಮಾಡಬೇಕು. ಭದ್ರತೆಯ ಕಾರಣಕ್ಕೇ ಹೊಸ ವ್ಯವಸ್ಥೆ ಹುಡುಕುವವರಿಗೆ ಈ ವಿನಿಮಯ ಒಪ್ಪತಕ್ಕದ್ದಲ್ಲ ಎಂಬುದು ನನ್ನ ಅಭಿಪ್ರಾಯ. ಉಬುಂಟು 24.04 ಎಂಬ ಇನ್ನೊಂದು ಲಿನಕ್ಸ್ ವ್ಯವಸ್ಥೆಯ ಮೇಲೆ ನಿಂತಿರುವ ಮಿಂಟ್ 22ಕ್ಕೆ 2029ರವರೆಗೆ ಭದ್ರತಾ ಅಪ್‌ಡೇಟ್‌ಗಳು ದೊರೆಯುತ್ತವೆ.

ಮಿಂಟ್ ತುಂಬಿದ ಪೆನ್‌ಡ್ರೈವ್ ಸಿಕ್ಕಿಸಿ, ಲ್ಯಾಪ್‌ಟಾಪ್ ಆನ್ ಮಾಡುವಾಗ ಆಪ್ಷನ್ ಕೀಲಿಯನ್ನು ಒತ್ತಿ ಹಿಡಿದರೆ ಬೂಟ್ ಆಯ್ಕೆಗಳು ಕಾಣಿಸುತ್ತವೆ. 2018ಕ್ಕಿಂತ ಹಿಂದಿನ ಮ್ಯಾಕ್‌ಬುಕ್ ಏರ್‌ಗಳಲ್ಲಿ ಸಹಿಯಿಲ್ಲದ ತಂತ್ರಾಂಶವನ್ನು ತಡೆಯುವ ಸೆಕ್ಯೂರ್ ಬೂಟ್ ಇಲ್ಲವಾದ್ದರಿಂದ, ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಹೊರಗಿನ ಡ್ರೈವರ್‌ಗಳಿಗೆ ಸಹಿ ಹಾಕಿಸುವ ತೊಡಕು ಇಲ್ಲಿ ಎದುರಾಗುವುದಿಲ್ಲ. ಪರದೆ, ಟ್ರ್ಯಾಕ್‌ಪ್ಯಾಡ್, ಕೀಲಿಮಣೆಗಳು ತಾವಾಗಿಯೇ ಕೆಲಸ ಆರಂಭಿಸುತ್ತವೆ. ವೈಫೈ ಮಾತ್ರ ಇರುವುದೇ ಇಲ್ಲ; ಪಟ್ಟಿಯಲ್ಲಿ ಒಂದು ನೆಟ್‌ವರ್ಕೂ ಕಾಣುವುದಿಲ್ಲ. ಒಳಗಿರುವ ಬ್ರಾಡ್‌ಕಾಮ್ ಬಿಸಿಎಂ4360 ಚಿಪ್ಪಿಗೆ ಲಿನಕ್ಸ್‌ನ ತಿರುಳಾದ ಕರ್ನಲ್‌ನೊಳಗೆ ಮುಕ್ತ ಡ್ರೈವರ್ ಇಲ್ಲದಿರುವುದೇ ಇದಕ್ಕೆ ಕಾರಣ. ಬಿ43 ಎಂಬ ಮುಕ್ತ ಡ್ರೈವರ್ ಬ್ರಾಡ್‌ಕಾಮ್‌ನ ಹಳೆಯ ಚಿಪ್ಪುಗಳನ್ನು ನಡೆಸುತ್ತದೆಯಾದರೂ ಇದನ್ನು ನಡೆಸಲಾರದು. ಉಳಿದಿರುವುದು ಬ್ರಾಡ್‌ಕಾಮ್ ತಾನೇ ಬಿಡುಗಡೆ ಮಾಡಿದ, ಮೂಲ ಸಂಕೇತವನ್ನು ಪೂರ್ತಿ ತೆರೆದಿಡದ, ಡಬ್ಲ್ಯೂಎಲ್ ಎಂಬ ಡ್ರೈವರ್ ಒಂದೇ.

ಡ್ರೈವರ್ ಇಳಿಸಲು ಇಂಟರ್‌ನೆಟ್ ಬೇಕು, ಇಂಟರ್‌ನೆಟ್‌ಗೆ ಡ್ರೈವರ್ ಬೇಕು ಎಂಬ ಬಿಕ್ಕಟ್ಟಿನಿಂದ ಪಾರಾಗಲು ಆಂಡ್ರಾಯ್ಡ್ ಫೋನನ್ನು ಕೇಬಲ್‌ನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡುವುದು ಅತ್ಯಂತ ಸುಲಭದ ಉಪಾಯ. ಮಿಂಟ್ ಅದನ್ನು ತಂತಿಯ ನೆಟ್‌ವರ್ಕ್ ಎಂದು ಒಡನೆಯೇ ಗುರುತಿಸುತ್ತದೆ. ಅನಂತರ ಮೆನುವಿನಲ್ಲಿ ಡ್ರೈವರ್ ಮ್ಯಾನೇಜರ್ ತೆರೆದರೆ ಬ್ರಾಡ್‌ಕಾಮ್ ಹೆಸರಿನ ಎದುರು ಒಂದು ಆಯ್ಕೆ ಸಿದ್ಧವಾಗಿರುತ್ತದೆ. ಅದನ್ನು ಆರಿಸಿ, ಇನ್‌ಸ್ಟಾಲ್ ಮುಗಿದ ಮೇಲೆ ರೀಸ್ಟಾರ್ಟ್ ಮಾಡಿದರೆ ನೆಟ್‌ವರ್ಕ್‌ಗಳು ಸಾಲಾಗಿ ಕಾಣಿಸುತ್ತವೆ. ಟರ್ಮಿನಲ್ ತೆರೆಯದೆ, ಒಂದು ಆಜ್ಞೆಯನ್ನೂ ಟೈಪಿಸದೆ ಇಷ್ಟು ಕೆಲಸ ಆಗುವುದು ಮಿಂಟ್‌ನ ಹೆಚ್ಚುಗಾರಿಕೆ, ಮತ್ತು ಹೊಸಬರಿಗೆ ನಾನು ಇದನ್ನೇ ಸೂಚಿಸಲು ಮುಖ್ಯ ಕಾರಣ. ಸಂಪರ್ಕ ಸಿಕ್ಕ ಮೇಲೆ ವೇಗದ ಬಗ್ಗೆಯಾಗಲಿ ಸ್ಥಿರತೆಯ ಬಗ್ಗೆಯಾಗಲಿ ನನಗೆ ದೂರಿಲ್ಲ. ಆದರೆ ಈ ಡ್ರೈವರ್ ಡಬ್ಲ್ಯೂಪಿಎ3 ಭದ್ರತಾ ವಿಧಾನವನ್ನು ಅರಿಯದು. ರೂಟರ್ ಅದೊಂದಕ್ಕೇ ಹೊಂದಿಕೆಯಾಗಿದ್ದರೆ, ಡಬ್ಲ್ಯೂಪಿಎ2 ಕೂಡ ಒಪ್ಪುವಂತೆ ಅದರ ಸೆಟ್ಟಿಂಗ್ ಬದಲಿಸಬೇಕಾಗುತ್ತದೆ.

ಈ ಡ್ರೈವರಿನ ನಿಜವಾದ ದೌರ್ಬಲ್ಯ ತಿಳಿಯುವುದು ಕರ್ನಲ್ ಬದಲಾದಾಗ. ಬ್ರಾಡ್‌ಕಾಮ್ ಇದರ ಕೊನೆಯ ಆವೃತ್ತಿಯನ್ನು ಹೊರತಂದದ್ದು 2015ರಲ್ಲಿ. ಆಮೇಲೆ ಬಂದ ಪ್ರತಿಯೊಂದು ಹೊಸ ಕರ್ನಲ್‌ಗೂ ಅದನ್ನು ಹೊಂದಿಸುವ ತೇಪೆಗಳನ್ನು ಡೆಬಿಯನ್, ಉಬುಂಟು ಮುಂತಾದ ಬಳಗಗಳವರೇ ಬರೆದು ಸೇರಿಸುತ್ತ ಬಂದಿದ್ದಾರೆ. ಕರ್ನಲ್ ಅಪ್‌ಡೇಟ್ ಆದಾಗಲೆಲ್ಲ ಡಿಕೆಎಂಎಸ್ ಎಂಬ ವ್ಯವಸ್ಥೆ ಡ್ರೈವರನ್ನು ಹೊಸದಾಗಿ ಕಟ್ಟುತ್ತದೆ. ಹೊಸ ಕರ್ನಲ್‌ಗೆ ತೇಪೆ ಇನ್ನೂ ಸಿದ್ಧವಾಗಿಲ್ಲದಿದ್ದರೆ ಕಟ್ಟುವ ಕೆಲಸ ಅರ್ಧಕ್ಕೆ ನಿಂತು, ಮುಂದಿನ ಬೂಟ್‌ನಲ್ಲಿ ವೈಫೈ ಮಾಯವಾಗುತ್ತದೆ. ಅಂಥ ಸಂದರ್ಭದಲ್ಲಿ ಗಾಬರಿಯಾಗಿ ಇಡೀ ವ್ಯವಸ್ಥೆಯನ್ನು ಮತ್ತೆ ಹಾಕಬೇಕಿಲ್ಲ. ಬೂಟ್ ಆಗುವಾಗ ಕರ್ನಲ್ ಆರಿಸಲು ಬಿಡುವ ಗ್ರಬ್ ಮೆನುವಿನ ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ಹಿಂದಿನ ಕರ್ನಲ್ ಹಾಗೆಯೇ ಉಳಿದಿರುತ್ತದೆ, ಅದನ್ನು ಆರಿಸಿದರೆ ವೈಫೈ ಮರಳುತ್ತದೆ. 2024ರ ಮಿಂಟ್ 22 ಮತ್ತು ಅದರ ನಂತರದ 22.1 ಬಂದದ್ದು 6.8 ಕರ್ನಲ್‌ನೊಂದಿಗೆ, 22.2ರ ಹೊಸ ಇನ್‌ಸ್ಟಾಲ್‌ನಲ್ಲಿ 6.14 ಇರುತ್ತದೆ. ಎಂಟು ವರ್ಷ ದಾಟಿದ ಈ ಯಂತ್ರಕ್ಕೆ ಹೊಸ ಕರ್ನಲ್‌ನಿಂದ ಆಗುವ ಲಾಭ ಅತ್ಯಲ್ಪವಾದ್ದರಿಂದ, ಅಪ್‌ಡೇಟ್ ಮ್ಯಾನೇಜರ್‌ನಲ್ಲಿ ಕರ್ನಲ್‌ಗಳ ಪಟ್ಟಿಗೆ ಹೋಗಿ 6.8ರ ಸರಣಿಯಲ್ಲೇ ಉಳಿಯುವುದು ಲೇಸೆಂದು ನಾನು ಒತ್ತಿ ಹೇಳುತ್ತೇನೆ; ಆ ಸರಣಿಗೂ ಭದ್ರತಾ ತಿದ್ದುಪಡಿಗಳು ಬರುತ್ತಲೇ ಇವೆ.

ಕ್ಯಾಮೆರಾದ ವಿಷಯಕ್ಕೆ ಬಂದರೆ ಮಿಂಟ್ ಏನೂ ನೆರವಾಗದು. ಸಾಮಾನ್ಯ ಲ್ಯಾಪ್‌ಟಾಪ್‌ಗಳ ಕ್ಯಾಮೆರಾ ಒಳಗಿನಿಂದ ಯುಎಸ್‌ಬಿ ಮೂಲಕ ಜೋಡಣೆಗೊಂಡಿರುತ್ತದೆ. ಈ ಏರ್‌ನಲ್ಲಿ ಅದು ಪಿಸಿಐಇ ಎಂಬ ಬೇರೊಂದು ಒಳಜೋಡಣೆಯ ದಾರಿಯಲ್ಲಿ, ಬ್ರಾಡ್‌ಕಾಮ್‌ನದೇ ಇನ್ನೊಂದು ಚಿಪ್ಪಿನ ಹಿಂದೆ ಇದೆ. ಆ ಚಿಪ್ಪಿನ ವಿವರಗಳು ಪ್ರಕಟವಾಗದ ಕಾರಣ, ಸ್ವತಂತ್ರ ಡೆವಲಪರ್‌ಗಳು ಅದರ ವರ್ತನೆಯನ್ನು ಗಮನಿಸಿ ಗಮನಿಸಿಯೇ ಫೇಸ್‌ಟೈಮ್‌ಎಚ್‌ಡಿ ಎಂಬ ಡ್ರೈವರ್ ಬರೆದಿದ್ದಾರೆ. ಅದು ಇಂದಿಗೂ ಕರ್ನಲ್‌ನ ಭಾಗವಾಗಿಲ್ಲ, ಬಳಸುವವರೇ ಕಟ್ಟಿಕೊಳ್ಳಬೇಕು. ಚಿಪ್ಪಿನೊಳಗೆ ಓಡಬೇಕಾದ ಫರ್ಮ್‌ವೇರ್ ಎಂಬ ತಂತ್ರಾಂಶ ಆಪಲ್‌ನ ಸ್ವತ್ತಾಗಿರುವುದರಿಂದ ಅದನ್ನು ಡ್ರೈವರಿನೊಂದಿಗೆ ಹಂಚುವಂತಿಲ್ಲ; ಜೊತೆಗೆ ಬರುವ ಒಂದು ಸ್ಕ್ರಿಪ್ಟ್ ಆಪಲ್‌ನ ಸರ್ವರ್‌ನಿಂದ ಹಳೆಯ ಅಪ್‌ಡೇಟ್ ಕಡತದ ಒಂದು ಭಾಗವನ್ನು ಇಳಿಸಿಕೊಂಡು, ಅದರೊಳಗಿಂದ ಫರ್ಮ್‌ವೇರ್ ಹೆಕ್ಕಿ ಕೊಡುತ್ತದೆ. ಇಷ್ಟೆಲ್ಲ ಆದ ಮೇಲೂ ಕ್ಯಾಮೆರಾ ಕಾಣದಿದ್ದರೆ, ‘ಬಿಡಿಸಿ_ಪಿಸಿಐ’ (bdc_pci) ಎಂಬ ಬೇರೊಂದು ಡ್ರೈವರ್ ಮಾಡ್ಯೂಲ್ ಅದನ್ನು ತನ್ನದೆಂದು ಹಿಡಿದುಕೊಂಡಿದೆಯೇ ಎಂದು ನೋಡಿ, ಆ ಮಾಡ್ಯೂಲ್ ಲೋಡ್ ಆಗದಂತೆ ಬ್ಲ್ಯಾಕ್‌ಲಿಸ್ಟ್‌ಗೆ ಸೇರಿಸಬೇಕು. ಬಣ್ಣಗಳು ಸರಿಯಾಗಿ ಬರಬೇಕೆಂದರೆ ಮ್ಯಾಕ್‌ನಲ್ಲಿ ವಿಂಡೋಸ್ ನಡೆಸಲು ಆಪಲ್ ಕೊಟ್ಟ ಬೂಟ್ ಕ್ಯಾಂಪ್‌ನ ವಿಂಡೋಸ್ ಡ್ರೈವರ್‌ನಿಂದ ಸೆನ್ಸರ್‌ನ ಹೊಂದಾಣಿಕೆ ಕಡತಗಳನ್ನು ಬೇರ್ಪಡಿಸಿ ತರಬೇಕು. ಅವಿಲ್ಲದಿದ್ದರೆ ಮುಖದ ಬಣ್ಣ ಸಹಜವಾಗಿ ಬರುವುದಿಲ್ಲ. ಕಂಪನಿಯ ಯಾವ ಸಹಾಯವೂ ಇಲ್ಲದೆ ಇದನ್ನು ಸಾಧಿಸಿದವರ ಬಗ್ಗೆ ನನಗೆ ಅಪಾರ ಗೌರವವಿದೆ. ಹಾಗಿದ್ದರೂ ವಾರಕ್ಕೊಮ್ಮೆ ಮಕ್ಕಳೊಡನೆಯೋ ನೆಂಟರೊಡನೆಯೋ ವಿಡಿಯೊ ಕರೆ ಮಾಡುವವರಿಗೆ ಈ ದಾರಿ ಬೇಡ. ಸಾಧಾರಣ ಬೆಲೆಯ ಯುಎಸ್‌ಬಿ ವೆಬ್‌ಕ್ಯಾಮ್ ಸಿಕ್ಕಿಸಿದ ಕ್ಷಣವೇ ಕೆಲಸ ಮಾಡುತ್ತದೆ, ಇರುವ ಎರಡು ಯುಎಸ್‌ಬಿ ಪೋರ್ಟ್‌ಗಳಲ್ಲಿ ಒಂದು ಅದಕ್ಕೆ ಹೋಗುತ್ತದೆ, ಅಷ್ಟೇ.

ಧ್ವನಿ, ಬ್ಲೂಟೂತ್, ಪರದೆಯ ಹೊಳಪು, ಕೀಲಿಮಣೆಯ ಹಿಂಬೆಳಕು, ಎಸ್‌ಡಿ ಕಾರ್ಡ್ ಇವುಗಳಿಗೆ ನಾನು ಕೈ ಹಚ್ಚಬೇಕಾಗಲೇ ಇಲ್ಲ. ಮೇಲ್ಸಾಲಿನ ಕೀಲಿಗಳು ಮೊದಲಿಗೆ ಹೊಳಪು ಮತ್ತು ಧ್ವನಿಯ ಕೆಲಸ ಮಾಡುತ್ತವೆ. ಅವು ಎಫ್1, ಎಫ್2 ಎಂದೇ ವರ್ತಿಸಬೇಕಿದ್ದರೆ ಆಪಲ್ ಕೀಲಿಮಣೆಯ ಮಾಡ್ಯೂಲ್‌ನಲ್ಲಿ ಎಫ್‌ಎನ್ ಮೋಡ್ ಅನ್ನು 2 ಎಂದು ಬದಲಿಸಿದರೆ ಸಾಕು. ಕನ್ನಡ ಬರೆಯುವವರಿಗೆ ಕೀಲಿಮಣೆಯ ಸೆಟ್ಟಿಂಗ್‌ನಲ್ಲೇ ಕಗಪ ವಿನ್ಯಾಸ ಸಿಗುತ್ತದೆ. ನುಡಿ ತಂತ್ರಾಂಶದ ರೂಢಿಯುಳ್ಳವರ ಬೆರಳುಗಳಿಗೆ ಹೊಸ ಅಭ್ಯಾಸ ಬೇಕಾಗುವುದಿಲ್ಲ, ಒತ್ತಕ್ಷರಗಳು ಪರದೆಯ ಮೇಲೆ ಒಡೆಯದೆ ಮೂಡುತ್ತವೆ.

ಮುಚ್ಚಳ ಮುಚ್ಚಿದ ಮೇಲೆ ನಿದ್ರೆಗೆ ಹೋದ ಯಂತ್ರ ತಾನೇ ಎಚ್ಚರಗೊಂಡು ಬ್ಯಾಟರಿ ಬರಿದಾಗುವ ಸಮಸ್ಯೆ ಈ ಮಾದರಿಯಲ್ಲಿ ಸಾಮಾನ್ಯ. ಯುಎಸ್‌ಬಿ ನಿಯಂತ್ರಕ ಕಳುಹಿಸುವ ಎಚ್ಚರಿಸುವ ಸಂಕೇತವೇ ಇದಕ್ಕೆ ಕಾರಣ. ಯಂತ್ರವನ್ನು ಎಚ್ಚರಿಸಬಲ್ಲ ಭಾಗಗಳ ಎಸಿಪಿಐ ಪಟ್ಟಿಯಲ್ಲಿ ಎಕ್ಸ್‌ಎಚ್‌ಸಿ1 ಎಂಬ ಹೆಸರನ್ನು ನಿಷ್ಕ್ರಿಯಗೊಳಿಸಿದರೆ ನಿಲ್ಲುತ್ತದೆ, ಆದರೆ ಆ ಬದಲಾವಣೆ ರೀಸ್ಟಾರ್ಟ್ ಆದೊಡನೆ ಅಳಿಸಿಹೋಗುವುದರಿಂದ ಪ್ರತಿ ಬೂಟ್‌ನಲ್ಲೂ ತಾನಾಗಿ ಜಾರಿಯಾಗುವಂತೆ ಒಂದು ಚಿಕ್ಕ ಸರ್ವಿಸ್ ಬರೆದಿಡಬೇಕು. ಇಂಥದ್ದನ್ನು ಮಿಂಟ್ ತಾನೇ ಸರಿಪಡಿಸಿ ಕೊಡಬಹುದಿತ್ತು ಎಂದು ನನಗೆ ಅನಿಸುತ್ತದೆ.

2013ರಿಂದ 2017ರವರೆಗಿನ ಏರ್‌ಗಳಲ್ಲಿ ಇದೇ ವೈಫೈ ಚಿಪ್ಪು, ಇದೇ ಬಗೆಯ ಕ್ಯಾಮೆರಾ ಇರುವುದರಿಂದ, ಆ ಎರಡರ ಬಗೆಗಿನ ಮಾತುಗಳು ಅವಕ್ಕೂ ಸಲ್ಲುತ್ತವೆ. 2018ರ ಏರ್‌ನಿಂದ ಆಪಲ್‌ನದೇ ಟಿ2 ಎಂಬ ಭದ್ರತಾ ಚಿಪ್ಪು ಬಂದು, ಕೀಲಿಮಣೆ, ಟ್ರ್ಯಾಕ್‌ಪ್ಯಾಡ್, ಧ್ವನಿಗಳೆಲ್ಲ ಅದರ ಹಿಡಿತಕ್ಕೆ ಹೋಗಿವೆ. ಅವನ್ನು ನಡೆಸಲು ಟಿ2 ಲಿನಕ್ಸ್ ಬಳಗದ ಪ್ರತ್ಯೇಕ ಕರ್ನಲ್ ಬೇಕು. ಎಂ1 ಚಿಪ್ಪಿನ ಯಂತ್ರವಿರುವವರು ಮಿಂಟ್ ಬಿಟ್ಟು ಆಪಲ್‌ನ ಚಿಪ್ಪುಗಳಿಗೆಂದೇ ರೂಪಿಸಿದ ಫೆಡೋರಾ ಅಸಾಹಿ ರೀಮಿಕ್ಸ್ ಎಂಬ ಲಿನಕ್ಸ್ ಕಡೆಗೆ ನೋಡಬೇಕು.