ಫೋನಿನಿಂದ ಕಂಪ್ಯೂಟರಿಗೆ: ನಮ್ಮ ಮಳೆಗಾಲಕ್ಕೆ ತಡೆದುಕೊಂಡದ್ದು ಯಾವುದು?

ಮೇ ಕೊನೆಯ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ನಮ್ಮ ಕಡೆ ತಾಳಮದ್ದಳೆಯ ಕಾಲ, ಅಂದರೆ ವೇಷ ಕುಣಿತ ಇಲ್ಲದೆ ಕೂತು ಹಾಡು ಮಾತಿನಲ್ಲೇ ನಡೆಸುವ ಯಕ್ಷಗಾನ. ಯಾರದ್ದೋ ಮನೆಯ ಚಾವಡಿಯಲ್ಲಿ ಕೂಟ, ಹೊರಗೆ ಧೋ ಎಂದು ಮಳೆ. ನಾನು ಹಾಡುವ ಭಾಗವತರ ಮುಂದೆ ಫೋನ್ ಇಟ್ಟು ರೆಕಾರ್ಡ್ ಮಾಡುತ್ತೇನೆ. ನಾಲ್ಕು ವರ್ಷದಿಂದ ಇದೇ ಅಭ್ಯಾಸ. ಮದ್ದಳೆಯ ನಾದ ಹಾಗೇ ಬರಲಿ ಎಂದು ಕುಗ್ಗಿಸದ ವೇವ್ ಫೈಲಾಗಿ ಇಡುತ್ತೇನೆ. ಮೂರೂವರೆ ಗಂಟೆಯ ಕೂಟ ಒಂದಕ್ಕೆ ಸುಮಾರು 2.2 ಜಿಬಿ. ಫೋನ್ ಎಷ್ಟು ದಿನ ಹೊರುತ್ತದೆ ಹೇಳಿ? ಕಂಪ್ಯೂಟರಿಗೆ ಇಳಿಸಲೇಬೇಕು.

ಇಳಿಸುವ ದಾರಿ ಹತ್ತಾರು ಇವೆ. ಆದರೆ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದ ನಮ್ಮ ಮನೆಯಲ್ಲಿ ಜೂನ್ ಬಂತೆಂದರೆ ಕರೆಂಟು ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಎಂದು ಹೇಳುವ ಹಾಗಿಲ್ಲ. ಕರೆಂಟು ಹೋದರೆ ರೂಟರ್ ಹೋಯಿತು, ರೂಟರ್ ಹೋದರೆ ವೈಫೈ ಹೋಯಿತು. ಹಾಗಾಗಿ ಯಾವುದು ವೇಗ ಅನ್ನುವುದಕ್ಕಿಂತ, ನಡುವೆ ಕಡಿದು ಹೋದರೆ ಯಾವುದು ಸುಧಾರಿಸಿಕೊಳ್ಳುತ್ತದೆ ಅನ್ನುವುದೇ ನನಗೆ ದೊಡ್ಡ ಪ್ರಶ್ನೆ.

ಹೋದ ಆಟಿ ತಿಂಗಳ ಮಳೆಯಲ್ಲಿ ಕೂತು ಎಲ್ಲವನ್ನೂ ಒಂದೊಂದಾಗಿ ಪರೀಕ್ಷೆ ಮಾಡಿದೆ. ಒಂದೇ ಫೋಲ್ಡರು, 18 ಜಿಬಿ: ಐದು ಕೂಟದ ರೆಕಾರ್ಡಿಂಗು, 5 ಜಿಬಿಯ ಒಂದು ವಿಡಿಯೋ, ಉಳಿದದ್ದು ಫೋಟೋಗಳು. ಫೋನ್ ಆಂಡ್ರಾಯ್ಡ್. ಮನೆಯಲ್ಲಿ ವಿಂಡೋಸ್ ಲ್ಯಾಪ್‌ಟಾಪ್. ನಾನು ಕಲಿಸುವ ಕನ್ನಡ ಮಾಧ್ಯಮ ಶಾಲೆಯ ಲ್ಯಾಪ್‌ಟಾಪಿನಲ್ಲಿ ವಿಂಡೋಸಿನ ಬದಲಿಗೆ ಕೇರಳದ ಸರಕಾರಿ ಶಾಲೆಗಳಲ್ಲಿರುವ ಕೈಟ್ ಲಿನಕ್ಸ್, ಉಬುಂಟು ಎಂಬ ಲಿನಕ್ಸಿನ ಮೇಲೆ ಕಟ್ಟಿದ್ದು. ಎರಡಕ್ಕೂ ಹೊಂದುವ ದಾರಿ ನನಗೆ ಬೇಕಿತ್ತು.

ಮೊದಲು ವಯರು. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ. ಯಾಕೆಂದರೆ ನನ್ನ ಹತ್ತಿರ ಸಹಾಯ ಕೇಳುವವರಲ್ಲಿ ಹೆಚ್ಚಿನವರು ಸಿಕ್ಕಿಬೀಳುವುದು ಇಲ್ಲೇ.

ಫೋನನ್ನು ಲ್ಯಾಪ್‌ಟಾಪಿಗೆ ಚುಚ್ಚಿದೆ. ಚಾರ್ಜ್ ಆಗುತ್ತಿದೆ. ಆದರೆ ಕಂಪ್ಯೂಟರಿನಲ್ಲಿ ಫೋನಿನ ಹೆಸರೇ ಇಲ್ಲ. ಫೋನನ್ನು ಗುರುತಿಸುವ ಕಂಪ್ಯೂಟರಿನ ಸಾಫ್ಟ್‌ವೇರ್, ಅಂದರೆ ಡ್ರೈವರ್, ಅದನ್ನು ತೆಗೆದು ಮತ್ತೆ ಹಾಕಿದೆ, ಎರಡು ಸಲ ರೀಸ್ಟಾರ್ಟ್ ಮಾಡಿದೆ. ಸಂಜೆ ಭಾವ ಬಂದರು.

"ಎಂತ ಭಾವ, ಇನ್ನೂ ಆಗ್ಲಿಲ್ವಾ?"

"ಚಾರ್ಜ್ ಆಗ್ತಾ ಉಂಟು, ಫೋಲ್ಡರ್ ಕಾಣುದೇ ಇಲ್ಲ."

"ವಯರ್ ಬದಲಿಸಿ ನೋಡಿದ್ದೀರಾ?"

ಅವರ ವಯರು ಹಾಕಿದ ಕೂಡಲೇ ಫೋನ್ ಕಾಣಿಸಿತು. ಪೇಟೆಯಿಂದ ತಂದ ನನ್ನ ವಯರನ್ನು ಬ್ಲೇಡಿನಿಂದ ಸೀಳಿ ನೋಡಿದೆವು. ಒಳಗೆ ಎರಡೇ ಎಳೆ, ಕೆಂಪು ಮತ್ತು ಕಪ್ಪು. ಅವು ಕರೆಂಟಿನವು. ಡೇಟಾ ಹೋಗಬೇಕಾದರೆ ಬಿಳಿ ಮತ್ತು ಹಸಿರು ಎಳೆಗಳೂ ಬೇಕು. ಅವು ಇರಲೇ ಇಲ್ಲ. ಹೊರಗಿನಿಂದ ನೋಡಿದರೆ ಎರಡೂ ವಯರು ಒಂದೇ ಥರ. ಈಗ ಡೇಟಾ ಹೋಗುವ ವಯರಿಗೆ ಕೆಂಪು ನೂಲು ಕಟ್ಟಿ ಇಟ್ಟಿದ್ದೇನೆ.

ವಯರು ಸರಿ ಇದ್ದರೂ ಫೋನ್ ತಾನಾಗಿ ಬಾಗಿಲು ತೆರೆಯುವುದಿಲ್ಲ. ಚುಚ್ಚಿದಾಗ ಅದು ಚಾರ್ಜಿಂಗ್ ಮಾತ್ರ ಎಂದು ಕೂರುತ್ತದೆ. ಫೋನಿನ ಲಾಕ್ ತೆಗೆದು, ಮೇಲಿನಿಂದ ನೋಟಿಫಿಕೇಶನ್ ಎಳೆದು, ಯುಎಸ್‌ಬಿ ಸಾಲನ್ನು ಒತ್ತಿ, ಫೈಲ್ ಟ್ರಾನ್ಸ್‌ಫರ್ ಆರಿಸಬೇಕು. ಪ್ರತಿ ಸಲ ಆರಿಸುವುದು ಕಿರಿಕಿರಿ ಎನಿಸಿದರೆ ಫೋನಿನ ಸೆಟ್ಟಿಂಗಿನಲ್ಲಿ ಮೊದಲಿಗೆ ಅಡಗಿರುವ ಡೆವಲಪರ್ ಆಪ್ಶನ್ಸ್ ಒಳಗೆ ಡಿಫಾಲ್ಟ್ ಯುಎಸ್‌ಬಿ ಕಾನ್ಫಿಗರೇಶನ್ ಅಂತ ಇದೆ, ಅಲ್ಲಿ ಒಮ್ಮೆ ಹೇಳಿಟ್ಟರೆ ಸಾಕು. ಆಮೇಲೂ ಕಾಣದಿದ್ದರೆ ವಿಂಡೋಸಿನ ಡಿವೈಸ್ ಮ್ಯಾನೇಜರ್ ತೆರೆದು ಹಳದಿ ಗುರುತು ಉಂಟಾ ನೋಡಿ. ಇದ್ದರೆ ಅದನ್ನು ಅನ್‌ಇನ್‌ಸ್ಟಾಲ್ ಮಾಡಿ, ವಯರು ತೆಗೆದು ಮತ್ತೆ ಚುಚ್ಚಿದರೆ ಹೆಚ್ಚಿನ ಸಲ ಸರಿಯಾಗುತ್ತದೆ. ಶಾಲೆಯ ಲಿನಕ್ಸಿನಲ್ಲಿ ಈ ಡ್ರೈವರ್ ತಲೆನೋವೇ ಬರಲಿಲ್ಲ. ಚುಚ್ಚಿದ ಕೂಡಲೇ ಫೈಲ್ಸ್‌ನಲ್ಲಿ ಫೋನಿನ ಹೆಸರು ಬಂತು.

ಇನ್ನೊಂದು ಸಂಗತಿ ನನ್ನನ್ನು ಒಂದು ರಾತ್ರಿ ನಿದ್ದೆಗೆಡಿಸಿತು. ಆಗಷ್ಟೇ ಮಾಡಿದ ರೆಕಾರ್ಡಿಂಗು ಫೋನಿನಲ್ಲಿ ಕೇಳಿಸುತ್ತಿತ್ತು, ಕಂಪ್ಯೂಟರಿನಲ್ಲಿ ಮಾತ್ರ ಕಾಣಿಸುತ್ತಿರಲಿಲ್ಲ. ಫೈಲು ಹಾಳಾಗಿರಲಿಲ್ಲ. ವಯರಿನಲ್ಲಿ ನಡೆಯುವ ಈ ವ್ಯವಹಾರದ ಹೆಸರು ಎಂಟಿಪಿ. ಪೆನ್‌ಡ್ರೈವ್‌ನ ಹಾಗೆ ಕಂಪ್ಯೂಟರ್ ನೇರವಾಗಿ ಫೋನಿನೊಳಗೆ ಕೈ ಹಾಕುವುದಿಲ್ಲ. ಫೋನ್ ತನ್ನ ಪಟ್ಟಿ ನೋಡಿ ಒಂದೊಂದೇ ಫೈಲು ಎತ್ತಿ ಕೊಡುತ್ತದೆ. ಹೊಸ ಫೈಲು ಆ ಪಟ್ಟಿಗೆ ಸೇರಿಲ್ಲದಿದ್ದರೆ ಕಂಪ್ಯೂಟರಿಗೆ ಅದು ಇಲ್ಲವೇ ಇಲ್ಲ. ಫೋನನ್ನು ಒಮ್ಮೆ ರೀಸ್ಟಾರ್ಟ್ ಮಾಡಿದೆ, ಪಟ್ಟಿ ಹೊಸದಾಯಿತು, ಫೈಲು ಕಂಡಿತು.

ವೇಗದಲ್ಲಿ ವಯರಿಗೆ ನಾನು ಒಳ್ಳೆ ಅಂಕವನ್ನೇ ಕೊಡುತ್ತೇನೆ. 18 ಜಿಬಿಗೆ ಹದಿನೈದು ನಿಮಿಷದ ಹತ್ತಿರ. ಬಾಯಿ ಸಿ ಟೈಪ್ ಇದ್ದರೂ ನನ್ನ ಫೋನಿನ ಒಳಗಿರುವುದು ಯುಎಸ್‌ಬಿ 2.0, ಅಂದರೆ ಕಾಗದದ ಮೇಲೆ ಸೆಕೆಂಡಿಗೆ 480 ಮೆಗಾಬಿಟ್. ಅದಕ್ಕಿಂತ ಜಾಸ್ತಿ ಕೇಳಿ ಫಲವಿಲ್ಲ. ಕರೆಂಟು ಹೋದರೂ ವಯರಿಗೆ ಏನೂ ಆಗುವುದಿಲ್ಲ, ಲ್ಯಾಪ್‌ಟಾಪಿನ ಬ್ಯಾಟರಿ ಇದ್ದರೆ ಸಾಕು. ಆದರೆ ಮಧ್ಯದಲ್ಲಿ ವಯರು ಅಲುಗಿದರೆ ಆಗ ಹೋಗುತ್ತಿದ್ದ ಫೈಲು ಮೊದಲಿನಿಂದ ಶುರು. ಮತ್ತೆ ಯಾವ ಫೈಲು ಬಂದಿದೆ, ಯಾವುದು ಬಂದಿಲ್ಲ ಅನ್ನುವ ಲೆಕ್ಕ ನಾವೇ ಇಡಬೇಕು.

ಬ್ಲೂಟೂತ್ ಈ ಕೆಲಸಕ್ಕೆ ಬೇಡ. ಒಂದೇ ಕೂಟದ ಫೈಲಿಗೆ ಎರಡು ಗಂಟೆ ದಾಟಿತು, ನಿಲ್ಲಿಸಿದೆ. ವಾಟ್ಸಾಪ್‌ನಲ್ಲಿ ತನಗೇ ಕಳಿಸಿಕೊಳ್ಳುವವರು ತುಂಬ ಜನ ಇದ್ದಾರೆ. ಫೋಟೋವನ್ನು ಫೋಟೋ ಎಂದೇ ಕಳಿಸಿದರೆ ಅದು ಕುಗ್ಗುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿದರೆ ಮಾತ್ರ ಹಾಗೇ ಇರುತ್ತದೆ. ಅದಕ್ಕೂ 2 ಜಿಬಿಯ ಮಿತಿ ಇದೆ. ನನ್ನ ಕೂಟದ ಫೈಲು 2.2.

ಕ್ಲೌಡ್ ಕೂಡ ನೋಡಿದೆ. ಗೂಗಲ್ ಖಾತೆಯಲ್ಲಿ ಪುಕ್ಕಟೆ ಸಿಗುವುದು 15 ಜಿಬಿ, ಅದರಲ್ಲೇ ಮೇಲ್, ಡ್ರೈವ್, ಫೋಟೋಸ್ ಮೂರೂ ಹಂಚಿಕೊಳ್ಳಬೇಕು. ಫೋಟೋಗಳಿಗೆ ಮಿತಿಯಿಲ್ಲದ ಜಾಗ 2021ರ ಜೂನ್ 1ಕ್ಕೆ ಮುಗಿಯಿತು. ನನ್ನ ಪರೀಕ್ಷೆಯ ಫೋಲ್ಡರೇ ಅದರಲ್ಲಿ ಹಿಡಿಸುವುದಿಲ್ಲ. ಅಲ್ಲದೆ ಕೋಣೆಯ ಆಚೆ ಬದಿಯಲ್ಲಿರುವ ಲ್ಯಾಪ್‌ಟಾಪಿಗೆ ಫೈಲು ಮುಟ್ಟಿಸಲು ಅದನ್ನು ಎಲ್ಲೋ ದೂರದ ಊರಿಗೆ ಏರಿಸಿ, ಅಲ್ಲಿಂದ ಮತ್ತೆ ಇಳಿಸಬೇಕು. ಮಳೆಗೆ ನೆಟ್ ಹೋದ ದಿನ ಎರಡೂ ಇಲ್ಲ. ಆದರೆ ಮನೆಗೆ ಸಿಡಿಲು ಬಡಿದು ಲ್ಯಾಪ್‌ಟಾಪೇ ಸುಟ್ಟು ಹೋದರೆ? ಅಂಥ ದಿನಕ್ಕೆ ಅಂತ ಆರಿಸಿದ ಕೆಲವು ಕೂಟಗಳ ಪ್ರತಿಯನ್ನು ಅಲ್ಲಿ ಇಟ್ಟಿದ್ದೇನೆ. ಅದಕ್ಕೆ ಕ್ಲೌಡ್ ಒಳ್ಳೆಯದು.

ವೈಫೈಯಲ್ಲಿ ನೇರ ಕಳಿಸುವ ಆಪ್‌ಗಳಲ್ಲಿ ಕ್ವಿಕ್ ಶೇರ್, ಲೋಕಲ್‌ಸೆಂಡ್, ಕೆಡಿಇ ಕನೆಕ್ಟ್ ಮೂರನ್ನೂ ಹಾಕಿದೆ. ಕ್ವಿಕ್ ಶೇರ್, ಮೊದಲು ನಿಯರ್‌ಬೈ ಶೇರ್ ಎಂದಿದ್ದದ್ದು, ವಿಂಡೋಸಿನಲ್ಲಿ ಸಲೀಸು. ಆದರೆ ಶಾಲೆಯ ಲಿನಕ್ಸಿಗೆ ಅದು ಇಲ್ಲ. ಕೆಡಿಇ ಕನೆಕ್ಟ್ ಅನ್ನು ಶಾಲೆಯ ಐಟಿ ಸಂಯೋಜಕರ (ಎಸ್‌ಐಟಿಸಿ) ಒಪ್ಪಿಗೆ ಕೇಳಿ ಹಾಕಿದೆ. ಫೋನಿನಲ್ಲಿ ಕಾಪಿ ಮಾಡಿದ ಪಠ್ಯ ಲ್ಯಾಪ್‌ಟಾಪಿನಲ್ಲಿ ಪೇಸ್ಟ್ ಆಗುವುದು ಪಾಠದ ಟಿಪ್ಪಣಿ ಮಾಡುವವರಿಗೆ ಬಹಳ ಅನುಕೂಲ. ದೊಡ್ಡ ಫೈಲಿಗೆ ನನಗೆ ಹಿಡಿಸಿದ್ದು ಲೋಕಲ್‌ಸೆಂಡ್. ಎರಡೂ ಕಡೆ ತೆರೆದರೆ ಎದುರಿನ ಹೆಸರು ಕಾಣುತ್ತದೆ, ಒತ್ತಿದರೆ ಹೋಗುತ್ತದೆ. ಖಾತೆ ಬೇಡ, ಇಂಟರ್ನೆಟ್ಟೂ ಬೇಡ.

ಹೆಸರು ಕಾಣದಿದ್ದರೆ ಮಾತ್ರ ಕಷ್ಟ. ನನಗೆ ಮೊದಲ ದಿನ ಕಾಣಲಿಲ್ಲ. ವಿಂಡೋಸ್ ನಮ್ಮ ಮನೆಯ ವೈಫೈಯನ್ನು ಪಬ್ಲಿಕ್ ಎಂದು ಗುರುತು ಹಾಕಿಕೊಂಡಿತ್ತು, ಹಾಗಾಗಿ ಫೈರ್‌ವಾಲ್ ಬಾಗಿಲು ಹಾಕಿತ್ತು. ಪ್ರೈವೇಟ್ ಎಂದು ಬದಲಿಸಿದೆ, ಬಂತು. ಶಾಲೆಯಲ್ಲಿ ಬೇರೆ ಕಾರಣ. ಫೋನ್ ಅತಿಥಿಗಳ ವೈಫೈಯಲ್ಲಿತ್ತು. ಅಂಥ ನೆಟ್‌ವರ್ಕಿನಲ್ಲಿ ಒಂದು ಸಾಧನಕ್ಕೆ ಇನ್ನೊಂದು ಕಾಣದ ಹಾಗೆ ರೂಟರೇ ಗೋಡೆ ಕಟ್ಟುತ್ತದೆ. ಎರಡೂ ಕಡೆ ಆಗದಿದ್ದರೆ ಒಂದು ಉಪಾಯ ಇದೆ. ಫೋನಿನ ಹಾಟ್‌ಸ್ಪಾಟ್ ಹಾಕಿ ಲ್ಯಾಪ್‌ಟಾಪನ್ನು ಅದಕ್ಕೇ ಸೇರಿಸಿ. ಮೊಬೈಲ್ ಡೇಟಾ ಬಂದ್ ಇದ್ದರೂ ನಡೆಯುತ್ತದೆ. ಕರೆಂಟು ಇಲ್ಲದ ರಾತ್ರಿ ನಾನು ಎರಡು ಸಲ ಹೀಗೇ ಕಳಿಸಿದ್ದೇನೆ.

2.4 ಗಿಗಾಹರ್ಟ್ಸ್ ವೈಫೈಯಲ್ಲಿ 18 ಜಿಬಿಗೆ ಒಂದು ಗಂಟೆ ಮೀರಿತು. 5 ಗಿಗಾಹರ್ಟ್ಸ್‌ಗೆ ಬದಲಿಸಿ ರೂಟರಿನ ಕೋಣೆಯಲ್ಲೇ ಕೂತಾಗ ವಯರಿಗೆ ಸರಿಸಮ ಬಂತು. ಆದರೆ ನಡುವೆ ಕಡಿದರೆ ಇಲ್ಲೂ ಆ ಫೈಲು ಮೊದಲಿನಿಂದ.

ಕೊನೆಗೆ ಸಿಂಕ್‌ಥಿಂಗ್. ಇದು ಕಳಿಸುವ ಆಪ್ ಅಲ್ಲ, ಎರಡು ಕಡೆಯ ಫೋಲ್ಡರನ್ನು ಒಂದೇ ಥರ ಇಡುವ ಆಪ್. ಹಾಕುವುದು ಮೊದಲ ಸಲ ಸ್ವಲ್ಪ ಕೆಲಸವೇ. ಲ್ಯಾಪ್‌ಟಾಪಿನ ಕ್ಯೂಆರ್ ಕೋಡನ್ನು ಫೋನಿನಿಂದ ಓದಿಸಬೇಕು, ಎರಡೂ ಕಡೆ ಒಪ್ಪಿಗೆ ಕೊಡಬೇಕು, ಫೋಲ್ಡರು ತೋರಿಸಬೇಕು. ಆಂಡ್ರಾಯ್ಡಿನ ಮೂಲ ಆಪ್ 2024ರ ಡಿಸೆಂಬರಿನಲ್ಲಿ ನಿಂತಿತು, ಈಗ ಸಿಂಕ್‌ಥಿಂಗ್ ಫೋರ್ಕ್ ಎಂಬುದನ್ನು ಹಾಕಿಕೊಳ್ಳಬೇಕು. ಬ್ಯಾಟರಿ ಉಳಿಸುವ ಸೆಟ್ಟಿಂಗಿನಿಂದ ಅದನ್ನು ಹೊರಗಿಡಬೇಕು. ಇಲ್ಲದಿದ್ದರೆ ಫೋನ್ ಅದನ್ನು ಮಲಗಿಸುತ್ತದೆ, ನಾವು ಸುಮ್ನೆ ಕಾಯುತ್ತಿರುತ್ತೇವೆ.

ಇದರ ಬಲ ಗೊತ್ತಾದದ್ದು ಕರೆಂಟು ಹೋದಾಗ. 2.2 ಜಿಬಿಯ ಫೈಲು ಅರ್ಧ ದಾಟಿತ್ತು, ರೂಟರ್ ಆರಿತು. ನಲವತ್ತು ನಿಮಿಷದ ಮೇಲೆ ಕರೆಂಟು ಬಂತು. ನಾನು ಏನನ್ನೂ ಮುಟ್ಟಲಿಲ್ಲ. ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದೆ ಹೋಯಿತು. ಇದು ಫೈಲನ್ನು ತುಂಡು ತುಂಡಾಗಿ ಕಳಿಸುತ್ತದೆ, ಬಂದ ತುಂಡುಗಳನ್ನು ಹಾಗೇ ಇಟ್ಟುಕೊಂಡು ಬಾರದ್ದನ್ನು ಮಾತ್ರ ಕೇಳುತ್ತದೆ. ನಾನು ಹುಡುಕುತ್ತಿದ್ದದ್ದು ಇದನ್ನೇ.

ಇದರಲ್ಲೇ ನನಗೆ ದೊಡ್ಡ ನಷ್ಟವೂ ಆಯಿತು. ಅದನ್ನು ಮುಚ್ಚಿಡಬಾರದು. ಫೋನ್ ತುಂಬಿತೆಂದು ಒಂದು ದಿನ ಹಳೆ ರೆಕಾರ್ಡಿಂಗುಗಳನ್ನು ಫೋನಿನಿಂದ ಅಳಿಸಿದೆ. ಲ್ಯಾಪ್‌ಟಾಪಿನಲ್ಲಿ ಇದೆಯಲ್ಲ ಎಂಬ ಧೈರ್ಯ. ಸಂಜೆ ನೋಡಿದರೆ ಅಲ್ಲೂ ಇಲ್ಲ. ಎರಡು ಕಡೆ ಒಂದೇ ಥರ ಇಡು ಎಂದು ನಾನೇ ಹೇಳಿದ್ದೆ, ಅದು ಹಾಗೇ ಇಟ್ಟಿತು. ಹೆಚ್ಚಿನವು ವಯರಿನಿಂದ ಮಾಡಿದ ಹಳೆ ಪ್ರತಿಯಲ್ಲಿ ಸಿಕ್ಕಿದವು. ಒಂದು ಸಿಗಲಿಲ್ಲ. ಅದರಲ್ಲಿ ಮದ್ದಳೆಗೆ ಕೂತದ್ದು ನಮ್ಮ ದೊಡ್ಡಪ್ಪ. ಅವರಿಗೆ ಈಗ ಕೈ ನಡುಗುತ್ತದೆ, ಬಾರಿಸುವುದಿಲ್ಲ.

ದಯವಿಟ್ಟು ಮೊದಲ ದಿನವೇ ಲ್ಯಾಪ್‌ಟಾಪಿನ ಕಡೆ ಫೈಲ್ ವರ್ಶನಿಂಗ್ ಹಾಕಿ. ಆಗ ಫೋನಿನಲ್ಲಿ ಅಳಿಸಿದ್ದು ಲ್ಯಾಪ್‌ಟಾಪಿನಲ್ಲಿ ಒಂದು ಬೇರೆ ಫೋಲ್ಡರಿಗೆ ಹೋಗಿ ಕೂರುತ್ತದೆ. ಫೋನಿನ ಕಡೆ ಸೆಂಡ್ ಓನ್ಲಿ ಇಟ್ಟರೆ ಲ್ಯಾಪ್‌ಟಾಪಿನಲ್ಲಿ ಕೈತಪ್ಪಿ ಆದದ್ದು ಫೋನಿಗೆ ಬರುವುದಿಲ್ಲ. ಆದರೆ ಫೋನಿನಲ್ಲಿ ಅಳಿಸಿದ್ದು ಆಗಲೂ ಲ್ಯಾಪ್‌ಟಾಪಿಗೆ ಹೋಗುತ್ತದೆ. ಅದನ್ನು ಮರೆಯಬೇಡಿ.

ಈಗ ನಮ್ಮಲ್ಲಿ ಹೀಗೆ ನಡೆಯುತ್ತಿದೆ. ಕೂಟ ಮುಗಿಸಿ ಬಂದು ಫೋನನ್ನು ಚಾರ್ಜಿಗೆ ಇಟ್ಟು ಮಲಗುತ್ತೇನೆ. ಬೆಳಗ್ಗೆ ಕಾಫಿ ಕುಡಿಯುವಷ್ಟರಲ್ಲಿ ಸಿಂಕ್‌ಥಿಂಗ್ ಎಲ್ಲವನ್ನೂ ತಂದಿರುತ್ತದೆ. ಕೂಟದಲ್ಲಿ ಪಾತ್ರದ ಮಾತು ಆಡಿದ ಯಾರಾದರೂ ಅರ್ಥಧಾರಿಗಳು ತಮ್ಮ ಭಾಗ ಕೇಳಿದರೆ ಅಲ್ಲೇ ಲೋಕಲ್‌ಸೆಂಡ್. ಭಾನುವಾರ ಸಿಂಕಿನ ಫೋಲ್ಡರಿನಿಂದ ಹೊರಗಿನ ಹಾರ್ಡ್‌ಡಿಸ್ಕಿಗೆ ಒಂದು ಪ್ರತಿ. ಅದನ್ನು ಎಕ್ಸ್‌ಫ್ಯಾಟ್ ಎಂದು ಫಾರ್ಮ್ಯಾಟ್ ಮಾಡಿದ್ದೇನೆ. ಫ್ಯಾಟ್ 32 ಇದ್ದರೆ 4 ಜಿಬಿ ಮೀರಿದ ವಿಡಿಯೋವನ್ನು ಅದು ತೆಗೆದುಕೊಳ್ಳುವುದಿಲ್ಲ.

ಆ ಪ್ರತಿ ಆದ ಮೇಲೆ ಪ್ರತಿ ಫೈಲಿನ ಕೊನೆಯ ಒಂದು ನಿಮಿಷ ಕೇಳುತ್ತೇನೆ. ಭಾಗವತರ ಮಂಗಳ ಪದ ಕೇಳಿಸಿದರೆ ಫೈಲು ಪೂರ್ತಿ ಬಂದಿದೆ. ಆಮೇಲೆಯೇ ಫೋನಿನಿಂದ ಅಳಿಸುವುದು.