ದೈತ್ಯ ಕುಂಬಳವೋ, ನಾಟಿ ಕುಂಬಳವೋ: ಬಣ್ಣ ನೋಡಲು ಎರಡು ಜೋಡಿ ಕ್ರಾಸ್ ಮಾಡಿದ ಅನುಭವ

ಕುಂಬಳದ ಬಣ್ಣ ಬೆರೆಸಿ ನೋಡಬೇಕು ಅನ್ನುವ ಆಸೆ ಇದ್ದವರಿಗೆ ನಮ್ಮ ಬೆಳಗಾವಿ ಕಡೆ ಎರಡು ದಾರಿ ಇವೆ. ಒಂದು, ಹೊರದೇಶದ ದೈತ್ಯ ಕುಂಬಳದ ಬೀಜ ತರಿಸಿ ಅದನ್ನು ಬೂದು ಸಿಪ್ಪೆಯ ಸ್ಕ್ವಾಶ್ ಕುಂಬಳದ ಜೊತೆ ಕ್ರಾಸ್ ಮಾಡುವುದು. ಇನ್ನೊಂದು, ನಮ್ಮದೇ ಹಸಿರು ನಾಟಿ ಕುಂಬಳಕ್ಕೆ ಅರ್ಕಾ ಚಂದನ್‌ನಂಥ ಕಂದು ಸಿಪ್ಪೆಯ ತಳಿಯ ಪರಾಗ ಹಾಕುವುದು. ಎರಡನ್ನೂ ನಾನು ಒಂದೇ ಹೊಲದಲ್ಲಿ ಕೆಲವು ಹಂಗಾಮು ಮಾಡಿದ್ದೇನೆ. ಬೈಲಹೊಂಗಲ ಕಡೆಯ ಎರೆಹೊಲ, ಒಂದು ಮೂಲೆಗೆ ಬೋರ್‌ವೆಲ್ ನೀರು. ನನ್ನ ಅಭಿಪ್ರಾಯ ಮೊದಲೇ ಹೇಳುತ್ತೇನೆ. ಕಣ್ಣಿಗೆ ಹಬ್ಬ ಬೇಕಾದರೆ ದೈತ್ಯ ಜೋಡಿ. ಬಣ್ಣ ಒಂದು ಪೀಳಿಗೆಯಿಂದ ಇನ್ನೊಂದಕ್ಕೆ ಹೇಗೆ ಇಳಿಯುತ್ತದೆ ಅಂತ ಸ್ಪಷ್ಟವಾಗಿ ನೋಡಬೇಕಾದರೆ, ಮತ್ತು ಕಾಯಿ ಅಡುಗೆಮನೆಗೂ ಬರಬೇಕಾದರೆ, ನಾಟಿ ಜೋಡಿಯೇ ವಾಸಿ.

ಹೋಲಿಕೆಗೆ ಮುಂಚೆ ಒಂದು ಮಾತು ತಿಳಿದಿರಲೇಬೇಕು. ಇದು ಗೊತ್ತಿಲ್ಲದೆ ಎಷ್ಟೋ ಜನ ಮೊದಲ ಕಾಯಿ ನೋಡಿಯೇ ಕ್ರಾಸ್ ಆಗಲಿಲ್ಲ ಅಂತ ಕೈಬಿಡುತ್ತಾರೆ. ಬಾಜೂ ಹೊಲದ ಕಾಕಾ ಕೂಡ ಇದನ್ನೇ ಕೇಳಿದ್ದರು: "ಏನ್ ತಮ್ಮಾ, ಕೆಂಪ ಕುಂಬಳದ ಹೂವಿಗೆ ಬೂದಿ ಬಣ್ಣದ್ದರ ಪರಾಗ ಹಾಕೀಯಲ್ಲ, ಕಾಯಿ ಇನ್ನೂ ಕೆಂಪs ಐತಲ್ಲ?" ಕೆಂಪಗೇ ಇರಬೇಕು. ಕಾಯಿಯ ಸಿಪ್ಪೆ, ತಿರುಳು, ಬೀಜದ ಮೇಲಿನ ಹೊಟ್ಟು ಎಲ್ಲವೂ ತಾಯಿ ಬಳ್ಳಿಯ ಮೈ. ಗಂಡು ಹೂವಿನ ಪಾಲು ಇರುವುದು ಬೀಜದ ಒಳಗಿನ ಮೊಳಕೆಯಲ್ಲಿ ಮಾತ್ರ. ಬಸುರಿಯ ಮೈಬಣ್ಣ ಮಗುವಿನ ಅಪ್ಪನನ್ನು ನೋಡಿ ಬದಲಾಗುವುದಿಲ್ಲ ಅಲ್ವಾ, ಹಾಗೇ ಇದೂ ಅಂತ ಹೇಳಿದೆ. ಕಾಕಾ ಕೂಡಲೇ ಒಪ್ಪಿದರು. ಕ್ರಾಸ್‌ನ ಬಣ್ಣ ಕಾಣುವುದು ಆ ಬೀಜ ಬಿತ್ತಿ, ಆ ಬಳ್ಳಿ ಕಾಯಿ ಬಿಟ್ಟ ಮೇಲೆ. ಅಂದರೆ ಮುಂದಿನ ಹಂಗಾಮಿಗೆ.

ಇನ್ನೊಂದು ಮಾತು ಜಾತಿಯದು. ನಾವು ಎಲ್ಲವನ್ನೂ ಕುಂಬಳ ಅಂತ ಕರೆದರೂ ಒಳಗೆ ಬೇರೆ ಬೇರೆ ಜಾತಿಗಳಿವೆ. ದೈತ್ಯ ಕುಂಬಳ ಕುಕುರ್ಬಿಟಾ ಮ್ಯಾಕ್ಸಿಮಾ. ನಮ್ಮ ಗಾರಿಗೆಯ ಸಿಹಿ ಕುಂಬಳ ಹೆಚ್ಚಾಗಿ ಕುಕುರ್ಬಿಟಾ ಮೊಸ್ಕಾಟಾ. ಜುಕಿನಿ ಕುಕುರ್ಬಿಟಾ ಪೆಪೊ. ಮೂರಕ್ಕೂ ವರ್ಣತಂತುಗಳು 40, ಆದರೂ ಒಂದಕ್ಕೊಂದು ಸುಲಭವಾಗಿ ಕೂಡುವುದಿಲ್ಲ. ಬೂದುಗುಂಬಳವಂತೂ ಬೇರೆಯೇ ಕುಲ, ಅದರ ಚಿಂತೆ ಬೇಡ. ಗುರುತು ಹಿಡಿಯಲು ತೊಟ್ಟು ನೋಡಿ. ಮ್ಯಾಕ್ಸಿಮಾದ ತೊಟ್ಟು ದುಂಡಗೆ, ದಪ್ಪಗೆ, ಬೆಂಡಿನಂತೆ ಮೆತ್ತಗೆ ಇರುತ್ತದೆ. ಮೊಸ್ಕಾಟಾದ ತೊಟ್ಟು ಗಟ್ಟಿ, ಐದು ಏಣು, ಕಾಯಿಗೆ ಸೇರುವಲ್ಲಿ ಅಗಲವಾಗಿ ಹರಡಿಕೊಳ್ಳುತ್ತದೆ. ಪೆಪೊದ್ದು ಗಟ್ಟಿ ಮತ್ತು ಮುಳ್ಳುಮುಳ್ಳು. ಬೀಜದ ಪ್ಯಾಕೆಟ್ ಮೇಲಿನ ಹೆಸರಿಗಿಂತ ನಾನು ತೊಟ್ಟನ್ನೇ ಜಾಸ್ತಿ ನಂಬುತ್ತೇನೆ.

ದೈತ್ಯ ಜೋಡಿ

ತಾಯಿ ಅಟ್ಲಾಂಟಿಕ್ ಜೈಂಟ್, ತಂದೆ ಜಾರಾಡೇಲ್. ಎರಡೂ ಮ್ಯಾಕ್ಸಿಮಾ. ಅಟ್ಲಾಂಟಿಕ್ ಜೈಂಟ್ ತಳಿಯನ್ನು ರೂಪಿಸಿದವರು ಕೆನಡಾದ ನೋವಾ ಸ್ಕೋಶಿಯಾದ ರೈತ ಹಾವರ್ಡ್ ಡಿಲ್. 1979ರಿಂದ 1982ರವರೆಗೆ ದೊಡ್ಡ ಕುಂಬಳದ ಸ್ಪರ್ಧೆಯನ್ನು ಅವರು ಸತತವಾಗಿ ಗೆದ್ದರು. ಇವತ್ತಿನ ದೊಡ್ಡ ಕುಂಬಳಗಳೆಲ್ಲ ಆ ಬೀಜದ ಸಂತಾನವೇ. 2023ರಲ್ಲಿ ಕ್ಯಾಲಿಫೋರ್ನಿಯಾದ ಹಾಫ್ ಮೂನ್ ಬೇಯಲ್ಲಿ ತೂಗಿದ ಒಂದು ಕಾಯಿ 1,247 ಕಿಲೋ ಇತ್ತು. ಜಾರಾಡೇಲ್ ಆಸ್ಟ್ರೇಲಿಯಾದ್ದು. ಸಿಪ್ಪೆ ಬೂದು-ನೀಲಿ, ಆಳವಾದ ಗೆರೆಗಳು, ಒಳಗೆ ಕಡು ಹಳದಿ ತಿರುಳು. ಆ ಬಣ್ಣ ಕೈಯಲ್ಲಿ ಹಿಡಿದು ನೋಡಿದರೆ ಯಾರಿಗಾದರೂ ಕ್ರಾಸ್ ಮಾಡುವ ಆಸೆ ಹುಟ್ಟುತ್ತದೆ.

ಸ್ಪರ್ಧೆಯವರ ಒಂದು ಪದ್ಧತಿ ನನಗೆ ತುಂಬ ಹಿಡಿಸಿತು. ಒಂದೇ ಬೀಜದ ಮೂಲ ಇದ್ದರೂ ಕಾಯಿ ಹಳದಿ-ಕಿತ್ತಳೆ ಆಗಿದ್ದರೆ ಪಂಪ್ಕಿನ್ ವಿಭಾಗಕ್ಕೆ, ಹಸಿರು-ಬೂದು ಆಗಿದ್ದರೆ ಸ್ಕ್ವಾಶ್ ವಿಭಾಗಕ್ಕೆ ಹೋಗುತ್ತದೆ. ಹೀಗಾಗಿ ಅಲ್ಲಿ ಬಣ್ಣದ ಲೆಕ್ಕ ಬರೀ ಚಂದಕ್ಕಲ್ಲ. ಪ್ರತಿ ಬೀಜಕ್ಕೂ ಅವರು ತಾಯಿ ಮೊದಲು, ತಂದೆ ಆಮೇಲೆ ಅಂತ ಬರೆದು ಇಡುತ್ತಾರೆ. ನಾನೂ ಬೀಜದ ಪೊಟ್ಟಣದ ಮೇಲೆ ಅದೇ ಕ್ರಮದಲ್ಲಿ ಬರೆಯುತ್ತೇನೆ.

ಬಣ್ಣ ಏನಾಯಿತು? ಮ್ಯಾಕ್ಸಿಮಾದಲ್ಲಿ ಸಿಪ್ಪೆಯ ಕೆಂಪು-ಕಿತ್ತಳೆ ಗೆಲ್ಲುವ ಬಣ್ಣ. ಹಸಿರು, ಬೂದು, ಬಿಳಿ, ಹಳದಿ ಎಲ್ಲದರ ಮೇಲೂ ಅದು ಮೇಲುಗೈ ಸಾಧಿಸುತ್ತದೆ. ನನ್ನ ಮೊದಲ ಪೀಳಿಗೆಯ ಬಳ್ಳಿಗಳಲ್ಲೂ ಹೆಚ್ಚಿನ ಕಾಯಿ ಕಿತ್ತಳೆಯೇ ಬಂದವು. ಆದರೆ ತಾಯಿಯಷ್ಟು ಹೊಳಪಿರಲಿಲ್ಲ, ಸ್ವಲ್ಪ ಮಂಕು. ಒಂದೆರಡರಲ್ಲಿ ತೊಟ್ಟಿನ ಸುತ್ತ ಬೂದು ಛಾಯೆ ಇತ್ತು. ತಾಯಿ-ತಂದೆ ಅದಲು ಬದಲು ಮಾಡಿಯೂ ನೋಡಿದೆ. ಜಾರಾಡೇಲ್ ಹೆಣ್ಣು ಹೂವಿಗೆ ಅಟ್ಲಾಂಟಿಕ್ ಜೈಂಟ್ ಪರಾಗ ಹಾಕಿದಾಗ ಆ ವರ್ಷದ ಕಾಯಿ ಬೂದು-ನೀಲಿಯಾಗಿಯೇ ಬಲಿಯಿತು. ಅದರ ಬೀಜದಿಂದ ಬಂದ ಬಳ್ಳಿಗಳು ಮಾತ್ರ ಮತ್ತೆ ಕಿತ್ತಳೆ ಕಾಯಿ ಕೊಟ್ಟವು. ಬಣ್ಣದ ಗುಣ ತಾಯಿ-ತಂದೆ ಇಬ್ಬರಿಂದಲೂ ಸಮವಾಗಿ ಬರುತ್ತದೆ ಅನ್ನುವುದಕ್ಕೆ ಇದಕ್ಕಿಂತ ಚೊಕ್ಕ ಸಾಕ್ಷಿ ನನಗೆ ಸಿಕ್ಕಿಲ್ಲ. ಬಿಡುವಿದ್ದವರು ಈ ಅದಲು ಬದಲನ್ನು ಖಂಡಿತ ಮಾಡಿ ನೋಡಿ.

ಎರಡನೇ ಪೀಳಿಗೆಯಲ್ಲಿ ಬಣ್ಣಗಳು ಬಿಚ್ಚಿಕೊಳ್ಳುತ್ತವೆ. ಕಿತ್ತಳೆ, ಮಾಸಲು ಗುಲಾಬಿ, ಬೂದು, ಬೂದಿಯ ಮೇಲೆ ಕಿತ್ತಳೆ ಚುಕ್ಕೆ. ನೋಡಲು ಬಹಳ ಚಂದ. ಆದರೆ ಲೆಕ್ಕ ಹಾಕಲು ಕೂತರೆ ಯಾವ ಪ್ರಮಾಣಕ್ಕೂ ಹೊಂದುವುದಿಲ್ಲ. ಕಾರಣ ಎರಡು. ಬಣ್ಣದ ಹಿಂದೆ ಒಂದಕ್ಕಿಂತ ಜಾಸ್ತಿ ಜೀನ್‌ಗಳು ಕೆಲಸ ಮಾಡುತ್ತವೆ. ಮತ್ತು ಅಟ್ಲಾಂಟಿಕ್ ಜೈಂಟ್ ಅಂತ ಮಾರುವ ಬೀಜ ಒಂದೇ ತೆರನಾದ ಅಪ್ಪಟ ತಳಿ ಅಲ್ಲ, ಅದರೊಳಗೆ ಈಗಾಗಲೇ ಬೇರೆ ಬಣ್ಣಗಳು ಅಡಗಿರಬಹುದು. ಕ್ರಾಸ್ ಮಾಡುವ ಮುಂಚೆ ತಾಯಿ ಬಳ್ಳಿಯ ಗಂಡು ಹೂವನ್ನೇ ಅದರ ಹೆಣ್ಣು ಹೂವಿಗೆ ಹಾಕಿ ಒಂದೆರಡು ಪೀಳಿಗೆ ನೋಡಿಕೊಂಡರೆ ಈ ಗೊಂದಲ ಕಡಿಮೆಯಾಗುತ್ತದೆ. ಅಷ್ಟು ತಾಳ್ಮೆ ಬೇಕು.

ಗಾತ್ರದ ಬಗ್ಗೆ ಆಸೆ ಇಟ್ಟುಕೊಳ್ಳಬೇಡಿ. ದೊಡ್ಡದಕ್ಕೂ ಸಣ್ಣದಕ್ಕೂ ಕ್ರಾಸ್ ಮಾಡಿದರೆ ಮಕ್ಕಳ ತೂಕ ಸರಿಯಾಗಿ ನಡುವೆ ಬರುವುದಿಲ್ಲ, ಸಣ್ಣ ಕಡೆಗೇ ವಾಲುತ್ತದೆ. ಇದಕ್ಕಿಂತ ದೊಡ್ಡ ತೊಂದರೆ ನಮ್ಮ ಹವೆ. ಅಟ್ಲಾಂಟಿಕ್ ಜೈಂಟ್‌ಗೆ ತಂಪು ರಾತ್ರಿ ಬೇಕು, ಉದ್ದನೆಯ ಹಗಲು ಬೇಕು. ಬೇಸಿಗೆಗೆ ಹಚ್ಚಿದರೆ ಮಿಡಿಗಳು ಹಳದಿಯಾಗಿ ಉದುರುತ್ತವೆ. ಮಳೆಗಾಲಕ್ಕೆ ಹಚ್ಚಿದರೆ ಎರೆಮಣ್ಣು ನೀರು ಹಿಡಿದು ಬೇರು ಕೊಳೆಯುತ್ತದೆ. ದಸರಾ ಹೊತ್ತಿಗೆ, ಹಿಂಗಾರಿಯಲ್ಲಿ, ಏರು ಮಡಿ ಮಾಡಿ ಹಚ್ಚಿದಾಗ ಮಾತ್ರ ನನ್ನಲ್ಲಿ ಚೆನ್ನಾಗಿ ಬಂದಿದೆ. ಆಗಲೂ ಚಳಿ ಹತ್ತುತ್ತಿದ್ದಂತೆ ಎಲೆ ಮೇಲೆ ಬೂದಿರೋಗ ಬರುತ್ತದೆ. ಒಂದು ಬಳ್ಳಿ ಆಕ್ರಮಿಸುವ ಜಾಗದಲ್ಲಿ ನಾಟಿಯ ಮೂರು ಬಳ್ಳಿ ಹಬ್ಬಿಸಬಹುದು.

ನಾಟಿ ಜೋಡಿ

ಇಲ್ಲಿ ತಾಯಿ, ಬಲಿತ ಮೇಲೂ ಹಸಿರಾಗಿಯೇ ಉಳಿಯುವ ನಾಟಿ ಕುಂಬಳ. ತಂದೆ ಅರ್ಕಾ ಚಂದನ್, ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿ. ಕಾಯಿ ಎರಡು-ಮೂರು ಕಿಲೋ, ಬಲಿತಾಗ ತಿಳಿ ಕಂದು ಸಿಪ್ಪೆ. ಎರಡೂ ಮೊಸ್ಕಾಟಾ. ಹಸಿರು ಕುಂಬಳ ಆರಿಸುವಾಗ ಒಂದು ಎಚ್ಚರ ಬೇಕು. ಎಷ್ಟೋ ನಾಟಿ ಕುಂಬಳ ಎಳೆಯದಿದ್ದಾಗ ಹಸಿರು, ಬಲಿತಾಗ ತಾನೇ ಕಂದಾಗುತ್ತದೆ. ಸಂತೆಯಲ್ಲಿ ಎಳೆಗಾಯಿ ನೋಡಿ ಹಸಿರು ಅಂತ ತಂದರೆ ಲೆಕ್ಕ ತಪ್ಪುತ್ತದೆ. ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟರೂ ಹಸಿರಾಗಿಯೇ ಇರುವ ಕಾಯಿಯ ಬೀಜ ಬೇಕು.

ಇಲ್ಲಿ ಬಣ್ಣದ ಆಟ ದೈತ್ಯ ಜೋಡಿಗೆ ಪೂರ್ತಿ ಉಲ್ಟಾ. ಮ್ಯಾಕ್ಸಿಮಾದಲ್ಲಿ ಸೋತ ಹಸಿರು ಮೊಸ್ಕಾಟಾದಲ್ಲಿ ಗೆಲ್ಲುತ್ತದೆ. ಹಸಿರು ಸಿಪ್ಪೆಯ ಗುಣ ಕಂದು ಸಿಪ್ಪೆಯ ಮೇಲೆ ಮೇಲುಗೈ, ಮತ್ತು ಅದರ ಹಿಂದೆ ಮುಖ್ಯವಾಗಿ ಒಂದೇ ಜೀನ್. ಮೊದಲ ಪೀಳಿಗೆಯಲ್ಲಿ ನನಗೆ ಬಂದ ಕಾಯಿಗಳೆಲ್ಲ ಹಸಿರು. ಕಂದು ಎಲ್ಲೋ ಕಾಣೆಯಾಯಿತು ಅನ್ನಿಸುವಂತೆ. ಆ ಬಳ್ಳಿಗಳಲ್ಲಿ ಅದರದೇ ಗಂಡು ಹೂವನ್ನು ಅದರದೇ ಹೆಣ್ಣು ಹೂವಿಗೆ ಹಾಕಿ ಬೀಜ ತೆಗೆದು ಬಿತ್ತಿದೆ. ಎರಡನೇ ಪೀಳಿಗೆಯಲ್ಲಿ ಕಂದು ವಾಪಸ್ ಬಂತು, ಹೆಚ್ಚು ಕಡಿಮೆ ನಾಲ್ಕರಲ್ಲಿ ಒಂದರಂತೆ. ಗುಣಗಳು ಪೀಳಿಗೆಯಿಂದ ಪೀಳಿಗೆಗೆ ಇಳಿಯುವ ನಿಯಮ ಕಂಡುಹಿಡಿದ ಮೆಂಡೆಲ್ 1866ರಲ್ಲಿ ಬಟಾಣಿ ಬಗ್ಗೆ ಬರೆದ ಲೆಕ್ಕವೇ ನಮ್ಮ ಎರೆಹೊಲದಲ್ಲಿ ಬಳ್ಳಿಯ ಮೇಲೆ ಕೂತಿತ್ತು. ಅದನ್ನು ನೋಡಿದಾಗ ಆದ ಖುಷಿ ನನಗೆ ದೈತ್ಯ ಕುಂಬಳ ಕೊಡಲಿಲ್ಲ.

ಎಷ್ಟು ಬಳ್ಳಿ ಹಚ್ಚಬೇಕು ಅಂತ ಲೆಕ್ಕ ಹಾಕಿಯೇ ಇಳಿಯಿರಿ. ಎರಡನೇ ಪೀಳಿಗೆಯ ಬರೀ 4 ಬಳ್ಳಿ ಹಚ್ಚಿದರೆ ಕಂದು ಕಾಯಿ ಒಂದೂ ಸಿಗದಿರುವ ಸಾಧ್ಯತೆ ಶೇಕಡಾ 32ರ ಹತ್ತಿರ. 10 ಬಳ್ಳಿ ಹಚ್ಚಿದರೆ ಅದು ಶೇಕಡಾ 6ಕ್ಕೆ ಇಳಿಯುತ್ತದೆ. ದೈತ್ಯ ಕುಂಬಳದ 10 ಬಳ್ಳಿಗೆ ಯಾರ ಹಿತ್ತಲಲ್ಲಿ ಜಾಗ ಇದೆ? ನಾಟಿಯದ್ದಾದರೆ ಬದುವಿನ ಗುಂಟ ಹಬ್ಬಿಸಬಹುದು, ಮೆಕ್ಕೆಜೋಳದ ಅಂಚಿಗೆ ಬಿಡಬಹುದು. ಬಣ್ಣದ ಪ್ರಯೋಗಕ್ಕೆ ನಾಟಿ ವಾಸಿ ಅನ್ನಲು ನನಗೆ ಇದೇ ದೊಡ್ಡ ಕಾರಣ.

ಕಾಯಿ ವ್ಯರ್ಥ ಹೋಗುವುದಿಲ್ಲ ಅನ್ನುವುದು ಇನ್ನೊಂದು ಕಾರಣ. ಬೀಜ ತೆಗೆದ ಮೇಲೆ ಉಳಿದ ತಿರುಳು ಗಾರಿಗೆಗೆ ಹೋಗುತ್ತದೆ. ಶೀಗಿ ಹುಣ್ಣಿಮೆಯ ಚರಗಕ್ಕೆ ನಮ್ಮಲ್ಲಿ ಕುಂಬಳದ ಅಡುಗೆ ಬೇಕೇ ಬೇಕು. ಅವ್ವ ಎರಡನೇ ಪೀಳಿಗೆಯ ಕಾಯಿಗಳನ್ನು ಒಂದೊಂದಾಗಿ ಬೇಯಿಸಿ ಯಾವುದು ಸಿಹಿ, ಯಾವುದು ನೀರುನೀರು ಅಂತ ಹೇಳುತ್ತಿದ್ದಳು, ನಾನು ಬರೆದುಕೊಳ್ಳುತ್ತಿದ್ದೆ. ಹಸಿರು ಸಿಪ್ಪೆಯಲ್ಲೂ ಸಿಹಿ ಇತ್ತು, ಕಂದು ಸಿಪ್ಪೆಯಲ್ಲೂ ಸಪ್ಪೆ ಇತ್ತು. ಸಿಪ್ಪೆಯ ಬಣ್ಣ ನೋಡಿ ರುಚಿ ಹೇಳಲು ಆಗಲಿಲ್ಲ. ದೈತ್ಯ ಕುಂಬಳದ ತಿರುಳು ಮಾತ್ರ ನಾರುನಾರು, ಸಪ್ಪೆ. ಅವ್ವ ಅದನ್ನು ಎಮ್ಮೆಗೆ ಹಾಕಿದಳು.

ಜೇನಿಗೆ ಬಿಡುವುದೋ, ಕೈಯಿಂದ ಮಾಡುವುದೋ

ಎರಡೂ ಜೋಡಿಯಲ್ಲಿ ಈ ಪ್ರಶ್ನೆ ಬರುತ್ತದೆ. ಜೇನಿಗೆ ಬಿಟ್ಟರೆ ಕಾಯಿ ಸುಲಭವಾಗಿ ಕಚ್ಚುತ್ತದೆ, ಆದರೆ ತಂದೆ ಯಾರು ಅಂತ ಗೊತ್ತಾಗುವುದಿಲ್ಲ. ಕುಂಬಳದ ಬೀಜೋತ್ಪಾದನೆಗೆ ಅರ್ಧದಿಂದ ಒಂದು ಕಿಲೋಮೀಟರ್ ದೂರ ಬಿಡಬೇಕು ಅನ್ನುತ್ತಾರೆ. ಸುತ್ತಲೂ ಎಲ್ಲರ ಹೊಲದ ಬದುವಿನಲ್ಲಿ ಕುಂಬಳ ಇರುವ ನಮ್ಮ ಕಡೆ ಅದು ಆಗದ ಮಾತು. ಹಾಗಾಗಿ ಕೈಯೇ ಗತಿ.

ಕೆಲಸ ಕಷ್ಟದ್ದಲ್ಲ, ಹೊತ್ತು ಮುಖ್ಯ. ನಾಳೆ ಅರಳುವ ಮೊಗ್ಗಿನ ತುದಿ ಇವತ್ತು ಸಂಜೆಯೇ ಹಳದಿಯಾಗಿರುತ್ತದೆ. ಗಂಡು, ಹೆಣ್ಣು ಎರಡರ ತುದಿಯನ್ನೂ ಸಂಜೆಯೇ ದಾರದಿಂದ ಸಡಿಲವಾಗಿ ಕಟ್ಟಿ. ಬೆಳಿಗ್ಗೆ ಹೊತ್ತು ಮೂಡುತ್ತಿದ್ದಂತೆ ಗಂಡು ಹೂ ಕಿತ್ತು, ದಳ ತೆಗೆದು, ಹೆಣ್ಣು ಹೂವಿನ ಒಳಗೆ ಮೆಲ್ಲಗೆ ಎಲ್ಲ ಕಡೆ ಸವರಿ. ಒಂದೇ ಬಳ್ಳಿಯ ಎರಡು ಮೂರು ಗಂಡು ಹೂ ಬಳಸಿದರೆ ಬೀಜ ತುಂಬುತ್ತವೆ. ಕೂಡಲೇ ಹೆಣ್ಣು ಹೂವನ್ನು ಮತ್ತೆ ಕಟ್ಟಿ, ತೊಟ್ಟಿಗೆ ಚೀಟಿ ಕಟ್ಟಿ. ಬಿಸಿಲು ಏರಿದ ಮೇಲೆ ಪರಾಗದ ಕಸುವು ಹೋಗುತ್ತದೆ, ಹೂವೂ ಮುದುಡುತ್ತದೆ. ಈ ವಿಷಯದಲ್ಲೂ ನಾಟಿ ಮುಂದೆ. ನನ್ನ ಹೊಲದಲ್ಲಿ ನಾಟಿಯ ಮಿಡಿ ಕಟ್ಟಿದಷ್ಟು ದೈತ್ಯದ್ದು ಕಟ್ಟಲಿಲ್ಲ.

ಜಾತಿ ದಾಟಿ ದೈತ್ಯಕ್ಕೆ ನಾಟಿಯನ್ನೇ ಕೂಡಿಸಿದರೆ ಹೇಗೆ ಅಂತ ಕೇಳುವವರಿದ್ದಾರೆ. ಜಪಾನಿನಲ್ಲಿ ಮ್ಯಾಕ್ಸಿಮಾ ಮತ್ತು ಮೊಸ್ಕಾಟಾ ಕೂಡಿಸಿದ ತೆತ್ಸುಕಾಬುತೊ ಅನ್ನುವ ತಳಿ ಇದೆ. ಅದರ ಗಂಡು ಹೂವಿನ ಪರಾಗ ಕೆಲಸಕ್ಕೆ ಬರುವುದಿಲ್ಲ, ಕಾಯಿ ಬಿಡಲು ಬಾಜೂ ಬೇರೆ ಕುಂಬಳ ಬೇಕು. ನನ್ನಲ್ಲಿ ಈ ಕ್ರಾಸ್‌ನ ಮಿಡಿಗಳು ಬಹುಪಾಲು ಉದುರಿದವು, ನಿಂತ ಕಾಯಿಯಲ್ಲಿ ಬರೀ ಜೊಳ್ಳು ಬೀಜ. ಹಿತ್ತಲ ಮಟ್ಟಕ್ಕೆ ಇದು ಬೇಡ. ಜುಕಿನಿ ಹಚ್ಚುವವರಿಗೆ ಮಾತ್ರ ಇನ್ನೊಂದು ಒಳ್ಳೆಯ ಆಟ ಇದೆ. ಪೆಪೊದಲ್ಲಿ ಬಿಳಿ ಸಿಪ್ಪೆ ಹಳದಿಯನ್ನು ಮುಚ್ಚುತ್ತದೆ, ಹಳದಿ ಹಸಿರನ್ನು ಮುಚ್ಚುತ್ತದೆ. ಬಿಎಸ್ಸಿ ಪುಸ್ತಕಗಳಲ್ಲಿ ಬರುವ 12:3:1 ಇದೇ, ಅಂದರೆ ಎರಡನೇ ಪೀಳಿಗೆಯ 16 ಬಳ್ಳಿಗೆ ಸರಾಸರಿ 12 ಬಿಳಿ, 3 ಹಳದಿ, 1 ಹಸಿರು.

ನಾಟಿ ಜೋಡಿ ಮಾಡುವವರು ಎರಡನೇ ಪೀಳಿಗೆಯ ಬೀಜ ಬೇರೆ ಬೇರೆ ಇಡಿ. ಕಂದು ಕಾಯಿಯನ್ನು ಅದರದೇ ಪರಾಗದಿಂದ ಕಚ್ಚಿಸಿದ್ದರೆ ಮುಂದೆ ಕಂದೇ ಬರುತ್ತದೆ, ಏಕೆಂದರೆ ಅದರಲ್ಲಿ ಹಸಿರು ಅಡಗಿ ಕೂರಲು ಸಾಧ್ಯವಿಲ್ಲ. ಹಸಿರು ಕಾಯಿಯ ಮಾತು ಬೇರೆ. ಮೂರು ಹಸಿರು ಬಳ್ಳಿಗಳಲ್ಲಿ ಸರಾಸರಿ ಒಂದು ಮಾತ್ರ ಅಪ್ಪಟ ಹಸಿರು, ಉಳಿದೆರಡು ಒಳಗೆ ಕಂದನ್ನು ಹೊತ್ತಿರುತ್ತವೆ. ಯಾವುದು ಯಾವುದು ಅಂತ ಹೊರಗಿನಿಂದ ಹೇಳಲಾಗದು. ಪ್ರತಿ ಹಸಿರು ಬಳ್ಳಿಯ ಬೀಜ ಬೇರೆ ಪೊಟ್ಟಣ, ಬೇರೆ ಸಾಲು. ಈ ಹಿಂಗಾರಿಗೆ ನನ್ನ ಬದುವಿನ ಉದ್ದಕ್ಕೂ ಹಚ್ಚುತ್ತಿರುವುದು ಆ ಸಾಲುಗಳನ್ನೇ.