ಚಾರ್ಜರ್ ಬೈಕಿನೊಳಗೇ ಇದ್ದರೆ: ಜೀರೋ ಎಸ್‌ಆರ್/ಎಫ್ ಜೊತೆ ಕೆಲವು ವರ್ಷ

ನಾನಿರುವುದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ. ಓಡಿಸುವುದು ಜೀರೋ ಕಂಪನಿಯ 2020ರ ಎಲೆಕ್ಟ್ರಿಕ್ ಬೈಕ್ ಎಸ್‌ಆರ್/ಎಫ್, ಪ್ರೀಮಿಯಂ ಮಾದರಿ. ಇದರ ಪಿಕಪ್ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ, ಅದನ್ನು ಬಿಡೋಣ. ವರ್ಷಗಟ್ಟಲೆ ಓಡಿಸಿದ ಮೇಲೆ ನನಗೆ ಮುಖ್ಯ ಅನಿಸಿರುವುದು ಒಳಗೇ ಕೂತಿರುವ ಚಾರ್ಜರ್.

ಪ್ಲಗ್ ಪಾಯಿಂಟಿನಿಂದ ಬರುವುದು ಎಸಿ ಕರೆಂಟು, ಬ್ಯಾಟರಿಗೆ ಬೇಕಾಗಿರುವುದು ಡಿಸಿ. ಅದನ್ನು ಬದಲಾಯಿಸುವ ಪೆಟ್ಟಿಗೆಯೇ ಚಾರ್ಜರ್. ನಮ್ಮ ಬೆಂಗಳೂರಿನ ಎಲೆಕ್ಟ್ರಿಕ್ ಬೈಕ್ ಅಲ್ಟ್ರಾವಯಲೆಟ್ ಎಫ್77 ಬಂದಾಗ ಆ ಪೆಟ್ಟಿಗೆಯನ್ನು ಬೇರೆಯಾಗಿ ಕೊಟ್ಟರು. ಅಂಥ ಗಾಡಿಯಲ್ಲಿ ದೂರ ಹೊರಟರೆ ಪೆಟ್ಟಿಗೆ ಹೊರಬೇಕು, ಇಲ್ಲವೇ ಆ ಗಾಡಿಗೆ ಹೊಂದುವ ಸ್ಟೇಷನ್ನೇ ಹುಡುಕಬೇಕು. ನನ್ನ ಬೈಕಿನಲ್ಲಿ ಈ ತಲೆನೋವಿಲ್ಲ. ಇಲ್ಲಿ ಆಫೀಸು, ಲೈಬ್ರರಿ, ಮಾಲು ಎಲ್ಲಿ ನೋಡಿದರೂ ಎಲೆಕ್ಟ್ರಿಕ್ ಕಾರುಗಳಿಗೆ ಹಾಕಿರುವ ಜೆ1772 ಗನ್, ಅಂದರೆ ಎಸಿ ಕರೆಂಟು ಕೊಡುವ ಪ್ಲಗ್, ಇರುತ್ತದೆ. ಪಕ್ಕದಲ್ಲಿ ನಿಲ್ಲಿಸಿ ಚುಚ್ಚಿದರೆ ಮುಗಿಯಿತು. ಕದಿಯುವುದಕ್ಕೆ ಏನೂ ಹೊರಗಿಲ್ಲ, ಮನೆಯಲ್ಲಿ ಮರೆತು ಬರುವುದಕ್ಕೂ ಏನೂ ಇಲ್ಲ.

ಆದರೆ "ಚಾರ್ಜರ್ ಒಳಗೇ ಇದೆ" ಅಂದರೆ ಸಾಲದು, ಎಷ್ಟು ಕಿಲೋವ್ಯಾಟಿನದು ಅಂತ ಕೇಳಬೇಕು. ಇದೇ ಕಂಪನಿಯ ಹಳೆಯ ಬೈಕುಗಳಲ್ಲಿ ಇದ್ದದ್ದು 1.3 ಕಿಲೋವ್ಯಾಟಿನ ಚಾರ್ಜರ್. ಕಂಪ್ಯೂಟರಿಗೆ ಹಾಕುವಂಥದ್ದೇ ವೈರು, ರಾತ್ರಿಯಿಡೀ ಕಾಯುವ ಕೆಲಸ. ನನ್ನ ಮಾಡೆಲ್‌ನಲ್ಲಿ ಸ್ಟ್ಯಾಂಡರ್ಡ್ ಆದರೆ 3 ಕಿಲೋವ್ಯಾಟ್, ಪ್ರೀಮಿಯಂ ಆದರೆ 6. ಬ್ಯಾಟರಿ 14.4 ಕಿಲೋವ್ಯಾಟ್-ಅವರ್. ಕಂಪನಿ ಹೇಳುವ ಪ್ರಕಾರ ಶೇ. 95 ತುಂಬಲು ಮೊದಲನೆಯದಕ್ಕೆ 4 ಗಂಟೆ, ಎರಡನೆಯದಕ್ಕೆ 2 ಗಂಟೆ. ಕಾಗದದ ಮೇಲೆ ಸುಮ್ನೆ ಎರಡು ಗಂಟೆ ವ್ಯತ್ಯಾಸ. ದಾರಿಯಲ್ಲಿ ಅದರ ಬೆಲೆ ಬೇರೆ.

ಸ್ಯಾನ್ ಹೋಸೆಯಿಂದ ಮಾಂಟರೆಗೆ 70 ಮೈಲಿ ಚಿಲ್ಲರೆ. ಫ್ರೀವೇಯಲ್ಲಿ ಕಾರುಗಳ ಜೊತೆ ಸರಿಸಮ ಓಡಿಸಿದರೆ ತಲುಪುವ ಹೊತ್ತಿಗೆ ಬ್ಯಾಟರಿ ತಳ ಕಾಣುತ್ತಿರುತ್ತದೆ. ಅಲ್ಲಿ ಚಾರ್ಜಿಗೆ ಹಾಕಿ, ಕಡಲ ದಂಡೆಯಲ್ಲಿ ಒಂದು ಸುತ್ತು ಹಾಕಿ, ಊಟ ಮುಗಿಸಿ ಬಂದರೆ ವಾಪಸ್ ಹೊರಡಬಹುದು. ಅದೇ 3 ಕಿಲೋವ್ಯಾಟ್ ಆಗಿದ್ದರೆ ಸಂಜೆವರೆಗೂ ಅಲ್ಲೇ ಕೂರಬೇಕಿತ್ತು. ಕೆಲವು ಸ್ಟೇಷನ್‌ಗಳಲ್ಲಿ ದುಡ್ಡು ಗಂಟೆ ಲೆಕ್ಕದಲ್ಲಿ. ಅಂಥ ಕಡೆ ನಿಧಾನ ಎಳೆದುಕೊಳ್ಳುವ ಬೈಕಿಗೆ ಅದೇ ಕರೆಂಟಿಗೆ ಜಾಸ್ತಿ ದುಡ್ಡು.

6 ಅಂತ ಇದ್ದರೂ ಎಲ್ಲ ಕಡೆ ಪೂರ್ತಿ 6 ಸಿಗಲ್ಲ. ಇಲ್ಲಿ ಮನೆಗಳಿಗೆ ಬರುವುದು 240 ವೋಲ್ಟ್, ಆದರೆ ಆಫೀಸು, ಅಂಗಡಿ ಕಟ್ಟಡಗಳಲ್ಲಿ ಸಾಮಾನ್ಯವಾಗಿ 208. ಪಕ್ಕದ ಕಾರಿನ ಜೊತೆ ಕರೆಂಟು ಹಂಚಿಕೊಳ್ಳುವ ಸ್ಟೇಷನ್ ಆದರೆ ಇನ್ನೂ ಕಡಿಮೆ. ಮನೆಯ ಮಾಮೂಲಿ 120 ವೋಲ್ಟ್ ಪಾಯಿಂಟಿಗೆ ಹಾಕಿದರೆ ಹತ್ತಿರ ಹತ್ತಿರ ಹತ್ತು ಗಂಟೆ. ದಿನಾ ಆಫೀಸಿಗೆ ಹೋಗಿ ಬರುವವರಿಗೆ ಅಷ್ಟೇ ಧಾರಾಳ. ರಾತ್ರಿ ಮಲಗುವ ಮುಂಚೆ ಹಾಕಿ, ಮರೆತುಬಿಡಿ.

ನಿಜವಾಗಿ ಬೇಜಾರಾಗುವುದು ಡಿಸಿ ಫಾಸ್ಟ್ ಚಾರ್ಜಿಂಗ್, ಅಂದರೆ ಒಳಗಿನ ಚಾರ್ಜರನ್ನು ಬಿಟ್ಟು ಬ್ಯಾಟರಿಗೇ ನೇರ ಡಿಸಿ ತುಂಬುವ ಸೌಲಭ್ಯ, ಇಲ್ಲ ಅನ್ನುವುದಕ್ಕೆ. ಹೆದ್ದಾರಿ ಪಕ್ಕ ಸಾಲುಸಾಲಾಗಿ 150 ಕಿಲೋವ್ಯಾಟಿನ ಡಿಸಿ ಯಂತ್ರಗಳು ನಿಂತಿರುತ್ತವೆ, ನನಗೆ ಒಂದೂ ಉಪಯೋಗಕ್ಕಿಲ್ಲ. ಟೆಸ್ಲಾದ ಸೂಪರ್‌ಚಾರ್ಜರ್ ಕೂಡ ಅಷ್ಟೇ. ಅವರೇ ಹೋಟೆಲುಗಳಲ್ಲಿ ಹಾಕಿರುವ ಎಸಿ ಪಾಯಿಂಟು ಅಡಾಪ್ಟರ್ ಇದ್ದರೆ ನಡೆಯುತ್ತದೆ. ಅದೊಂದು ಸದಾ ನನ್ನ ಬ್ಯಾಗಿನಲ್ಲಿರುತ್ತದೆ. ಅಮೆರಿಕದ ಕಾರುಗಳೆಲ್ಲ ಈಗ ಟೆಸ್ಲಾ ಮಾದರಿಯ ಪ್ಲಗ್ ಕಡೆ ಹೊರಳುತ್ತಿವೆ, ಹಾಗಾಗಿ ಮುಂದೆ ಈ ಅಡಾಪ್ಟರಿಗೆ ಕೆಲಸ ಹೆಚ್ಚಲಿದೆ. ಹೊರಗಿನ ಪೆಟ್ಟಿಗೆಯನ್ನಾದರೆ ಬದಲಾಯಿಸಿಕೊಳ್ಳಬಹುದು. ಒಳಗಿರುವುದು ಗಾಡಿಯ ಜೊತೆಗೇ ಹಳತಾಗುತ್ತದೆ.

ಇನ್ನೊಂದು ಎಲೆಕ್ಟ್ರಿಕ್ ಬೈಕ್ ಲೈವ್‌ವೈರ್ ಒನ್ ನೋಡಿ, ಅಲ್ಲಿ ಕಥೆ ಉಲ್ಟಾ. ಡಿಸಿ ಫಾಸ್ಟ್ ಚಾರ್ಜಿಂಗ್ ಇದೆ, ಆದರೆ ಒಳಗಿನ ಎಸಿ ಚಾರ್ಜರ್ ಚಿಕ್ಕದು. ಜೆ1772 ಗನ್ ಹಾಕಿದರೂ ಮನೆಯ 120 ವೋಲ್ಟ್ ಪಾಯಿಂಟಿನಷ್ಟೇ ನಿಧಾನ. ಹೆದ್ದಾರಿಯಲ್ಲೇ ಜಾಸ್ತಿ ಓಡಾಡುವವರಿಗೆ ಅದು ಸರಿ. ನನ್ನ ಓಡಾಟ ಊರೊಳಗೆ, ಬೆಟ್ಟದ ರಸ್ತೆಗಳಲ್ಲಿ, ಹಾಗಾಗಿ ನನಗೆ ಎಸಿಯೇ ಲಾಭ.

ರಿಪೇರಿ ವಿಷಯ. ಸ್ನೇಹಿತರೊಬ್ಬರ ಬೇರೆ ಕಂಪನಿಯ ಬೈಕಿನಲ್ಲಿ ಒಳಗಿನ ಚಾರ್ಜರ್ ಕೈಕೊಟ್ಟಿತು. ಬ್ಯಾಟರಿ ಸರಿ, ಮೋಟಾರು ಸರಿ. ಆದರೂ ಇಡೀ ಗಾಡಿಯನ್ನು ಟ್ರಕ್ಕಿಗೆ ಹತ್ತಿಸಿ ಡೀಲರ್ ಹತ್ತಿರ ಕಳಿಸಬೇಕಾಯಿತು. ಪಾರ್ಟ್ ಬರುವವರೆಗೆ ಅವರು ಬಸ್ಸಿನಲ್ಲಿ ಓಡಾಡಿದರು. ಪೆಟ್ಟಿಗೆ ಬೇರೆ ಇದ್ದಿದ್ದರೆ ಅದನ್ನಷ್ಟೇ ಕಳಿಸಿ, ಯಾರದ್ದೋ ಎರವಲು ತಂದು ಓಡಿಸಬಹುದಿತ್ತು, ಅಲ್ವಾ?

ನನ್ನ ಬೈಕಿಗೆ ಹೆಚ್ಚುವರಿಯಾಗಿ 6 ಕಿಲೋವ್ಯಾಟಿನ ಇನ್ನೊಂದು ಚಾರ್ಜರ್, ಕಂಪನಿಯ ಮಾತಿನಲ್ಲಿ ಚಾರ್ಜ್ ಟ್ಯಾಂಕ್, ಹಾಕಿಸಿಕೊಳ್ಳುವ ಅವಕಾಶವೂ ಇದೆ. ಒಟ್ಟು 12 ಆಗುತ್ತದೆ, ಒಂದು ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ನಾನು ಹಾಕಿಸಿಲ್ಲ. ಟ್ಯಾಂಕಿನ ಜಾಗದಲ್ಲಿರುವ ಡಿಕ್ಕಿ ಹೋಗುತ್ತದೆ, ತೂಕ ಏರುತ್ತದೆ. ಮೇಲಾಗಿ ಸುತ್ತಮುತ್ತ ಇರುವ ಬಹುಪಾಲು ಎಸಿ ಸ್ಟೇಷನ್‌ಗಳು ಕೊಡುವುದೇ ಆರೇಳು ಕಿಲೋವ್ಯಾಟ್.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಸ್ಟ್ಯಾಂಡರ್ಡೋ ಪ್ರೀಮಿಯಮ್ಮೋ ಅಂತ ಮಾರುವವರ ಬಾಯಿಮಾತು ನಂಬಬೇಡಿ. ಬ್ಯಾಟರಿ ಅರ್ಧಕ್ಕಿಂತ ಕಡಿಮೆ ಇರುವಾಗ ಒಂದು ಲೆವೆಲ್ 2 (208 ಅಥವಾ 240 ವೋಲ್ಟಿನ ಎಸಿ) ಸ್ಟೇಷನ್ನಿಗೆ ಕರೆದುಕೊಂಡು ಹೋಗಿ ಚುಚ್ಚಿಸಿ. ಪಕ್ಕದ ಗನ್ ಖಾಲಿ ಇರಲಿ. ಹತ್ತು ನಿಮಿಷ ಬಿಟ್ಟು ಸ್ಟೇಷನ್ ಆ್ಯಪಿನಲ್ಲಿ ಎಷ್ಟು ಕಿಲೋವ್ಯಾಟ್ ತೋರಿಸುತ್ತದೆ ನೋಡಿ. ಮೂರರ ಹತ್ತಿರವೇ ನಿಂತಿದ್ದರೆ ರೇಟು ಇಳಿಸಿ ಕೇಳಿ.